ಬರೀ ದನಿ, ಬರೀ ಮರ

ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವದಂಚಿನಲ್ಲಿ, ಗ್ರೇಟ್ ಸ್ಮೋಕಿ ಬೆಟ್ಟಗಳ ಮಡಿಲಲ್ಲಿ, ಕೇಡ್ಸ್ ಕೋವ್ ಎಂಬ ಕಣಿವೆಯಿದೆ. ಸುತ್ತಲೂ ನೀಲಿ ಬೆಟ್ಟಸಾಲು, ನಡುವೆ ಅಗಲವಾದ ಹುಲ್ಲುಗಾವಲು. ಕಣಿವೆಯನ್ನು ಬಳಸಿಬರುವ 11 ಮೈಲಿಯ ರಸ್ತೆಗೆ ಬರುವವರಲ್ಲಿ ಹೆಚ್ಚಿನವರ ಕಣ್ಣು ಕರಡಿ, ಜಿಂಕೆಗಳ ಮೇಲೆ. ನನ್ನ ಕಣ್ಣು ಮಾತ್ರ ಆ ರಸ್ತೆಯಿಂದ ಕವಲೊಡೆದು ಮರಗಳ ನೆರಳಿಗೆ ಇಳಿಯುವ ಕಿರುದಾರಿಯ ಮೇಲೆ. ಅದರ ಕೊನೆಗೆ, ಹಳೆಯ ಸಮಾಧಿಕಲ್ಲುಗಳ ನಡುವೆ, ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಚರ್ಚ್ ನಿಂತಿದೆ. ಹೊರಗೆ ಬಿಳಿ ಬಳಿದ ಹಲಗೆಗಳ ಮೈ, ಮೇಲೆ ಇಳಿಜಾರು ಮಾಡು. ಇಷ್ಟು ಕಡಿಮೆಯಲ್ಲಿ ಇಷ್ಟು ಚೆಲುವಾದ ಕಟ್ಟಡವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಳಗೆ ಕಾಲಿಟ್ಟರೆ ಬಿಳುಪು ಅಲ್ಲಿಗೇ ಮುಗಿಯುತ್ತದೆ. ಗೋಡೆ, ನೆಲ, ಚಾವಣಿ, ಬೆಂಚು ಎಲ್ಲವೂ ಬಣ್ಣ ಕಾಣದ ಬರಿಯ ಮರ. ನೂರಕ್ಕೂ ಹೆಚ್ಚು ವರ್ಷಗಳ ಉಸಿರು ಕುಡಿದು ಜೇನುಗಂದಾದ, ಅಲ್ಲಲ್ಲಿ ಕಪ್ಪಿಗೆ ತಿರುಗಿದ, ಕೈಯಾಡಿದ ಕಡೆ ರೇಷ್ಮೆಯ ನುಣುಪು ಬಂದ ಮರ. ಬಣ್ಣದ ಗಾಜಿಲ್ಲ, ಚಿತ್ರವಿಲ್ಲ, ಶಿಲುಬೆಯ ಅಲಂಕಾರವಿಲ್ಲ. ಸಾದಾ ಗಾಜಿನ ಕಿಟಕಿಗಳಿಂದ ಬಿಸಿಲು ಬಂದು ಬೆಂಚಿನ ಬೆನ್ನ ಮೇಲೆ ಮಲಗುತ್ತದೆ. ತಲೆಯೆತ್ತಿ ಚಾವಣಿಯನ್ನು ನಿಧಾನವಾಗಿ ನೋಡಬೇಕು. ಹಲಗೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕೈಯಚ್ಚು. ಕಟ್ಟುವಾಗ ಹಲಗೆ ಎತ್ತಿಕೊಟ್ಟವರ ಅಂಗೈಗಳು ಅವು ಎಂದು ಅಲ್ಲಿನವರು ಹೇಳುತ್ತಾರೆ. ಆ ಅಗಲವಾದ ಬೆರಳುಗಳನ್ನು ನೋಡುತ್ತ, ಕುತ್ತಿಗೆ ನೋಯುವವರೆಗೂ, ನಾನು ಬೆಂಚಿನ ಮೇಲೆ ಕೂತುಬಿಡುತ್ತೇನೆ.

ಈ ಕಟ್ಟಡ 1887ರದ್ದು. ಸಭೆ ಅದಕ್ಕಿಂತ ಹಳೆಯದು, 1827ರದ್ದು. ಅರವತ್ತು ವರ್ಷ ಅವರು ದಿಮ್ಮಿ ಜೋಡಿಸಿದ ಗುಡಿಸಲಿನಂಥ ಮನೆಯಲ್ಲೇ ಕೂಡಿ ಪ್ರಾರ್ಥಿಸಿದರು. ಕಣಿವೆಗೆ ಮೊದಲು ಬಂದ ಬಿಳಿಯ ಸಂಸಾರ ಜಾನ್ ಮತ್ತು ಲುಕ್ರೀಷಿಯಾ ಆಲಿವರ್ ಅವರದು. 1818ರಲ್ಲಿ ಅವರು ಬಂದಾಗ ಆ ನೆಲ ಚೆರೊಕೀ ಜನರದು. ಮೊದಲ ಚಳಿಗಾಲದಲ್ಲಿ ಹಸಿವಿನಿಂದ ಕಂಗಾಲಾಗಿದ್ದ ಆ ಸಂಸಾರವನ್ನು ಉಳಿಸಿದ್ದು ಚೆರೊಕೀಗಳು ಕೊಟ್ಟ ಒಣಗಿಸಿದ ಕುಂಬಳಕಾಯಿ ಎಂಬ ನೆನಪು ಆ ಮನೆತನದಲ್ಲಿ ಉಳಿದುಬಂದಿದೆ. ಮರುವರ್ಷವೇ ಒಪ್ಪಂದದಲ್ಲಿ ಚೆರೊಕೀಗಳ ನೆಲ ಕೈತಪ್ಪಿತು. ಚರ್ಚಿನ ಕಥೆ ಹೇಳುವಾಗ ಆ ಕುಂಬಳಕಾಯಿಯನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಜಾನ್ ಮತ್ತು ಲುಕ್ರೀಷಿಯಾ ಈಗ ಚರ್ಚಿನ ಪಕ್ಕದ ಮಣ್ಣಿನಲ್ಲೇ ಇದ್ದಾರೆ.

ಪ್ರಿಮಿಟಿವ್ ಬ್ಯಾಪ್ಟಿಸ್ಟರು ಹಳೆಯ ಕಟ್ಟಿನವರು. ಸತ್ಯವೇದದಲ್ಲಿ ಕಾಣದ್ದು ಸಭೆಯಲ್ಲೂ ಬೇಡ ಎನ್ನುವವರು. ಹಾಗಾಗಿ ವಾದ್ಯವಿಲ್ಲ, ಭಾನುವಾರದ ಮಕ್ಕಳ ಶಾಲೆಯಿಲ್ಲ, ಸಂಬಳದ ಪಾದ್ರಿಯಿಲ್ಲ. ವಾರವೆಲ್ಲ ನೇಗಿಲು ಹಿಡಿದವನೇ ಪ್ರಸಂಗಕ್ಕೆ ಏಳುತ್ತಾನೆ. ಬರೆದು ತರುವುದಿಲ್ಲ. ನಿಂತಾಗ ಬಂದದ್ದೇ ಮಾತು. ಮಾತು ಕಾವೇರುತ್ತ ಏರುತ್ತ ಹಾಡಿನ ಅಂಚಿಗೆ ಬಂದುಬಿಡುತ್ತದೆ. ದೀಕ್ಷಾಸ್ನಾನಕ್ಕೆ ತೊಟ್ಟಿಯಲ್ಲ, ಹರಿಯುವ ಹೊಳೆ. ಸೊಂಟದುದ್ದ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಎನ್ನುತ್ತಾರೆ. ಪ್ರಭುಭೋಜನದ ದಿನ ಹುಳಿ ಬೆರೆಸದ ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿದ ಮೇಲೆ, ಬೋಗುಣಿಯಲ್ಲಿ ನೀರು ಬರುತ್ತದೆ. ಗಂಡಸರು ಗಂಡಸರ, ಹೆಂಗಸರು ಹೆಂಗಸರ ಪಾದ ತೊಳೆಯುತ್ತಾರೆ. ಸೊಂಟಕ್ಕೆ ಸುತ್ತಿದ ಉದ್ದನೆಯ ಟವೆಲ್ಲಿನ ತುದಿಯಿಂದಲೇ, ಬೆರಳ ಸಂದಿಗಳನ್ನೂ ಬಿಡದೆ, ಒರೆಸುತ್ತಾರೆ. ನಿನ್ನೆ ಬೇಲಿಯ ವಿಷಯಕ್ಕೆ ಜಗಳವಾಡಿದ ನೆರೆಯವನ ಕಾಲು ಇವತ್ತು ನಿಮ್ಮ ಅಂಗೈಯಲ್ಲಿ ಇರಬಹುದು.

ಇನ್ನು ಹಾಡು. ಇಲ್ಲಿ ನನ್ನ ಮಾತು ನಿಧಾನವಾಗಲಿ. ಆ ಬೆಟ್ಟಸೀಮೆಯ ಹಳೆಯ ಬ್ಯಾಪ್ಟಿಸ್ಟರಲ್ಲಿ ಒಂದು ಹಾಡಿಕೆಯಿದೆ. ಪುಸ್ತಕ ಎಲ್ಲರಿಗೂ ಇಲ್ಲದ, ಓದು ಎಲ್ಲರಿಗೂ ಬಾರದ ಕಾಲದಲ್ಲಿ ಬೇರೂರಿದ್ದು. ಹಿರಿಯನೊಬ್ಬ ಒಂದು ಸಾಲನ್ನು ಸರಸರನೆ, ಮಂತ್ರದ ಲಯದಲ್ಲಿ ಹೇಳಿಬಿಡುತ್ತಾನೆ. ಭಜನೆಯಲ್ಲಿ ಮುಂದಿನವರು ಎತ್ತಿಕೊಟ್ಟದ್ದನ್ನು ಹಿಂದಿನವರು ಹಿಡಿಯುವಂತೆ ಸಭೆ ಆ ಸಾಲನ್ನು ಹಿಡಿಯುತ್ತದೆ. ಹಿಡಿದ ಮೇಲೆ ಮಾತ್ರ ಆತುರವಿಲ್ಲ. ಒಂದೊಂದು ಅಕ್ಷರವನ್ನೂ ಎಳೆದು, ಬಾಗಿಸಿ, ತಿರುವಿ, ಹಾಡುತ್ತಾರೆ. ತಾಳ ಹಾಕುವವರಿಲ್ಲ. ಉಸಿರೇ ಅಳತೆ. ಎಲ್ಲರದೂ ಒಂದೇ ಮಟ್ಟು, ಆದರೆ ಒಬ್ಬೊಬ್ಬರ ಗಂಟಲಿನ ಗಮಕ ಬೇರೆ. ಒಬ್ಬಾಕೆ ಸ್ವರಕ್ಕೆ ಕೆಳಗಿನಿಂದ ಜಾರಿ ಬರುತ್ತಾಳೆ, ಪಕ್ಕದವಳು ಮೇಲಿನಿಂದ ಇಳಿಯುತ್ತಾಳೆ, ಹಿಂದಿನ ಬೆಂಚಿನ ಮುದುಕ ಅರೆಗಳಿಗೆ ತಡವಾಗಿ ಸೇರುತ್ತಾನೆ. ಅಂಚು ಸವೆದ, ಒರಟಾದ, ಒದ್ದೆಯಾದ ಆ ದನಿಗಳು ಒಂದರ ಮೇಲೊಂದು ಹೊರಳಿ, ಹಲಗೆ ಗೋಡೆಗೆ ತಾಗಿ, ನೆಲದಿಂದ ಕಾಲಿಗೆ ಹತ್ತುತ್ತವೆ. ಗೋಡೆ ಬರೀ ಮರವೇ ಯಾಕಿರಬೇಕು ಎಂಬುದು ಆಗ ಅರ್ಥವಾಗುತ್ತದೆ. ಪಕ್ಕದ ಕೆಂಟಕಿಯ ಓಲ್ಡ್ ರೆಗ್ಯುಲರ್ ಬ್ಯಾಪ್ಟಿಸ್ಟರು ಹೀಗೆ ಹಾಡಿದ್ದನ್ನು ಸ್ಮಿತ್‌ಸೋನಿಯನ್ ಸಂಸ್ಥೆ 1997ರಲ್ಲಿ ಧ್ವನಿಮುದ್ರಿಕೆಯಾಗಿ ತಂದಿದೆ. ರಾತ್ರಿ ದೀಪವಾರಿಸಿ ಕೇಳಿ.

ಇದಲ್ಲದೆ ಆ ಸೀಮೆಯಲ್ಲಿ ಇನ್ನೊಂದು ಸವಿಯೂ ಇದೆ. 1848ರಲ್ಲಿ ನಾಕ್ಸ್‌ವಿಲ್‌ನಲ್ಲಿ ಅಚ್ಚಾದ 'ಹಾರ್ಪ್ ಆಫ್ ಕೊಲಂಬಿಯಾ' ಪುಸ್ತಕ ಏಳು ಸ್ವರಕ್ಕೆ ಏಳು ಆಕಾರ ಕೊಟ್ಟಿತು. ಸ್ವರ ತಿಳಿಯದವರೂ ಆಕಾರ ನೋಡಿ ಹಾಡಬಹುದು. ಕೂಡಿ ಕೂತಾಗ ಮೊದಲು ಸ್ವರಗಳ ಹೆಸರಲ್ಲೇ ಪೂರ್ತಿ ಹಾಡಿ, ಆಮೇಲೆ ಸಾಹಿತ್ಯಕ್ಕೆ ಬರುತ್ತಾರೆ. ಎದೆ ತುಂಬ, ಕೊರಳು ಬಿಚ್ಚಿ ಹಾಡುತ್ತಾರೆ.

ಕನ್ನಡಿಗನಾದ ನನಗೆ ಈ ಚರ್ಚಿನ ಚರಿತ್ರೆಯಲ್ಲಿ ಒಂದು ಎಳೆ ವಿಶೇಷವಾಗಿ ಇಷ್ಟ. 1792ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಸಂಘ ಹುಟ್ಟುವುದಕ್ಕೆ ಮುಖ್ಯ ಪ್ರೇರಣೆ ವಿಲಿಯಂ ಕೇರಿ. ಆತ ಬಂಗಾಳದ ಶ್ರೀರಾಮಪುರಕ್ಕೆ ಬಂದು ನೆಲೆಸಿ, 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ. ಅದೇ ಮಿಷನ್ ಹುಮ್ಮಸ್ಸು ಅಮೆರಿಕಕ್ಕೂ ಹಬ್ಬಿತು. ಅಲ್ಲಿನ ಹಳ್ಳಿಯ ಸಭೆಗಳಲ್ಲಿ ದೊಡ್ಡ ಜಿಜ್ಞಾಸೆ ಎದ್ದಿತು: ಸುವಾರ್ತೆಗೆ ಸಂಘ, ಚಂದಾ, ಸಂಬಳ ಬೇಕೆ? ಕೇಡ್ಸ್ ಕೋವ್‌ನ ಹಿರಿಯರು ಬೇಡವೆಂದರು. ಬೇಕೆಂದವರನ್ನು 1839ರಲ್ಲಿ ಸಭೆಯಿಂದ ಹೊರಗಿಟ್ಟರು. ಹೋದವರು ಅದೇ ಕಣಿವೆಯಲ್ಲಿ ಮಿಷನರಿ ಬ್ಯಾಪ್ಟಿಸ್ಟ್ ಸಭೆ ಕಟ್ಟಿಕೊಂಡರು. ನಮಗೊಂದು ವ್ಯಾಕರಣ ಕೊಟ್ಟ ಬಿಸಿ, ಅಷ್ಟು ದೂರದ ಬೆಟ್ಟದಲ್ಲಿ ಒಂದು ಸಭೆಯನ್ನು ಎರಡು ಮಾಡಿತು. ನನಗೆ ಎರಡೂ ಕಡೆಯವರ ಮೇಲೆ ಪ್ರೀತಿ. ದಿಮ್ಮಿ ಮನೆಯಲ್ಲಿ ಕೂತು ಇಷ್ಟು ದೊಡ್ಡ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ರೈತರವರು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕಣಿವೆಯ ಹೆಚ್ಚಿನವರು ಒಕ್ಕೂಟ ಸರ್ಕಾರದ ಪರ. ಬೆಟ್ಟದಾಚೆಯ ಬಂಡುಕೋರರ ದಾಳಿಗೆ ಹೆದರಿ ಸಭೆ ಸೇರುವುದು ನಿಂತಿತು. ಯುದ್ಧ ಮುಗಿದ ಮೇಲೆ ಅವರು ತಮ್ಮ ನಡಾವಳಿ ಪುಸ್ತಕದಲ್ಲಿ, ಸಭೆ ಯಾಕೆ ಕೂಡಲಿಲ್ಲ ಎಂಬುದಕ್ಕೆ ಲೋಕಕ್ಕೇ ಲೆಕ್ಕ ಕೊಡುವಂತೆ ಬರೆದಿಟ್ಟರು. ಅಕ್ಷರ ಕಲಿತವನ ನಯವಿಲ್ಲ ಆ ಬರಹದಲ್ಲಿ, ಆದರೆ ಬಾಗದ ಬೆನ್ನಿದೆ. 1864ರಲ್ಲಿ ದಾಳಿಕೋರರ ಕೈಯಲ್ಲಿ ಸತ್ತ ರಸೆಲ್ ಗ್ರೆಗರಿ ಎಂಬ ಕಣಿವೆಯವನ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ. ಕೊಂದವರು ಯಾವ ರಾಜ್ಯದವರು ಎಂಬುದನ್ನು ಕಲ್ಲಿನ ಮೇಲೆ ಕಡೆದಿದ್ದಾರೆ.

ಕಣಿವೆಯಲ್ಲಿ ಯಾರಾದರೂ ತೀರಿಕೊಂಡರೆ ಚರ್ಚಿನ ಗಂಟೆ ಬಾರಿಸುತ್ತಿದ್ದರು. ಸತ್ತವರ ವಯಸ್ಸೆಷ್ಟೋ ಅಷ್ಟು ಹೊಡೆತ. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ಹೊತ್ತಿಗೆ ಹೋದವರು ಯಾರೆಂದು ತಿಳಿಯುತ್ತಿತ್ತು. ಎಲ್ಲರ ವಯಸ್ಸೂ ಎಲ್ಲರಿಗೂ ಗೊತ್ತಿದ್ದ ಊರು ಅದು. ಆಮೇಲೆ ಒಬ್ಬರು ಪೆಟ್ಟಿಗೆ ಮಾಡಲು, ಕೆಲವರು ಗುಂಡಿ ತೋಡಲು, ಹೆಂಗಸರು ಅಡುಗೆಗೆ, ಕರೆಯದೆಯೇ ಬರುತ್ತಿದ್ದರು.

1934ರಲ್ಲಿ ಇಡೀ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಸಂಸಾರಗಳು ಒಂದೊಂದಾಗಿ ಎದ್ದುಹೋದವು. ಕೆಲವರು ನ್ಯಾಯಾಲಯದವರೆಗೂ ಹೋಗಿ ಸೋತರು. ಆ ದುಃಖದ ಪೂರ್ತಿ ಕಥೆ ಬೇಕಾದವರಿಗೆ ಡರ್ವುಡ್ ಡನ್ ಎಂಬ ಇತಿಹಾಸಕಾರ ಕೇಡ್ಸ್ ಕೋವ್ ಬಗ್ಗೆ 1988ರಲ್ಲಿ ಬರೆದ ಪುಸ್ತಕವಿದೆ.

ನೀವು ಆ ಕಡೆ ಹೋದರೆ ಬೇಸಗೆಯ ಬುಧವಾರ ಹೋಗಿ. ಅಂದು ಆ ರಸ್ತೆಯಲ್ಲಿ ಕಾರುಗಳಿಲ್ಲ, ನಡೆಯುವವರು ಮತ್ತು ಸೈಕಲ್ಲಿನವರು ಮಾತ್ರ. ಚರ್ಚಿನ ಬಾಗಿಲು ತೆರೆದಿರುತ್ತದೆ. ಫೋಟೋ ತೆಗೆದು ಹೊರಡಬೇಡಿ. ನಡುವಿನ ಬೆಂಚಿನಲ್ಲಿ ಕೂತು, ನಿಮಗೆ ಬರುವ ಯಾವುದಾದರೂ ಹಾಡಿನ ಒಂದು ಸಾಲನ್ನು, ನಾಚದೆ, ಗಟ್ಟಿಯಾಗಿ ಎತ್ತಿ. ಪುರಂದರದಾಸರದಾದರೂ ಸರಿ.