ಅಜ್ಜಿ ಇಲ್ಲದ ಮನೆಯ ನೈಟ್ ಡ್ಯೂಟಿ

ಗಂಡ ತೀರಿಹೋದ, ಇಲ್ಲವೇ ಗಂಡ ಬಿಟ್ಟುಹೋದ ಹೆಣ್ಣುಮಗಳ ಮಾತು ಬಂದರೆ ನಮ್ಮ ರಾಯಚೂರು ಸೀಮೆಯ ಹಿರಿಯರು ಮೊದಲು ಕೇಳುವುದು ಆಕೆ ಏನು ಓದಿದ್ದಾಳೆ ಅಂತ. ನರ್ಸಿಂಗ್ ಎಂದು ಉತ್ತರ ಬಂದರೆ ಎಲ್ಲರಿಗೂ ಸಮಾಧಾನ. ‘ಹಂಗಾರ ಆಕಿಗೇನು ಚಿಂತಿ ಇಲ್ಲ ಬಿಡ್ರಿ, ದವಾಖಾನಿ ಎಂದೂ ಮುಚ್ಚಂಗಿಲ್ಲ’ ಅನ್ನುತ್ತಾರೆ. ಸಿಂಧನೂರಿನಲ್ಲೂ ಇದೇ ಮಾತು, ಲಿಂಗಸುಗೂರಿನಲ್ಲೂ ಇದೇ, ಮಸ್ಕಿಯಲ್ಲೂ ಇದೇ. ಆ ಮಾತಿನಲ್ಲಿ ಕೆಡುಕಿಲ್ಲ, ಮಗಳಂಥ ಒಬ್ಬಳಿಗೆ ದಾರಿ ಇದೆಯಲ್ಲ ಎಂಬ ನೆಮ್ಮದಿ ಇದೆ. ಆದರೂ ಆ ಮಾತು ತಪ್ಪು, ಮತ್ತು ಅದನ್ನು ನಂಬಿ ಸುಮ್ಮನಾದವರಿಂದ ಆಕೆಗೆ ಹಾನಿಯೇ ಆಗುತ್ತಿದೆ. ಈ ಮೂರು ಊರುಗಳಲ್ಲಿ ಇವತ್ತು ನರ್ಸಿಂಗ್ ಕೆಲಸ ನಡೆಯುತ್ತಿರುವ ರೀತಿ ನೋಡಿದರೆ, ಆ ಕೆಲಸ ಒಂಟಿ ತಾಯಿಯನ್ನು ಸಾಕುತ್ತಿದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಕೆಯ ಅವ್ವನೇ ಆ ಕೆಲಸವನ್ನು ಸಾಕುತ್ತಿದ್ದಾಳೆ.

ಮೊದಲು ಪಗಾರದ ಲೆಕ್ಕ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಜಿಎನ್‌ಎಂ ಡಿಪ್ಲೊಮಾ ಮುಗಿಸಿದ ಸಿಸ್ಟರ್‌ಗೆ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇಲ್ಲಿ ಈ ಅಂಕಿ ಕೇಳಿ ಇಷ್ಟು ಕಡಿಮೆಯೇ ಎಂದು ಯಾರೂ ಬೆರಗಾಗುವುದಿಲ್ಲ. ವಾರಕ್ಕೊಂದು ರಜೆ ಕಳೆದು 26 ದಿನಕ್ಕೆ ಹಂಚಿದರೆ ದಿನಕ್ಕೆ 461 ರೂಪಾಯಿ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ 370. ಅಂದರೆ ಮೂರು ವರ್ಷ ಓದಿ, ಪರೀಕ್ಷೆ ಪಾಸಾಗಿ, ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ, ಬೇರೆಯವರ ಜೀವದ ಹೊಣೆ ಹೊತ್ತಿದ್ದಕ್ಕೆ ದಿನಕ್ಕೆ 91 ರೂಪಾಯಿ ಹೆಚ್ಚು. ಡ್ಯೂಟಿ ಎಂಟು ಗಂಟೆಯದಾದರೆ ಈ ಮಾತು. ಹನ್ನೆರಡು ಗಂಟೆಯ ಡ್ಯೂಟಿಯಾದರೆ ಗಂಟೆಗೆ ಬೀಳುವುದು 38 ರೂಪಾಯಿ ಚಿಲ್ಲರೆ. ಆ ನರೇಗಾ ದರದಲ್ಲಿ ಕೆರೆಯ ಹೂಳೆತ್ತುವ ಕೂಲಿಗೆ ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 46 ಬೀಳುತ್ತದೆ. ಕೂಲಿಯವರಿಗೆ ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ, ಅದೂ ಸಾಲದು. ಆದರೆ ‘ನರ್ಸಿಂಗ್ ಓದಿಸಿದರೆ ದಡ ಸೇರಿದಂತೆ’ ಎಂದು ಎರಡು ಎಕರೆ ಅಡ ಇಟ್ಟು ಫೀ ಕಟ್ಟುವ ಅಪ್ಪಂದಿರು ಈ ಭಾಗದಲ್ಲಿದ್ದಾರೆ. ಅವರ ಮುಂದೆ ಈ ಲೆಕ್ಕವನ್ನು ಯಾರಾದರೂ ಇಡಬೇಕು.

ಈ 12,000ದಲ್ಲಿ ಮನೆ ಬಾಡಿಗೆ, ಗ್ಯಾಸ್, ಕರೆಂಟು, ಮಕ್ಕಳ ಶಾಲೆ ಫೀ, ಪುಸ್ತಕ, ಅವ್ವನ ಬಿಪಿ ಮಾತ್ರೆ ಎಲ್ಲ ಆಗಬೇಕು. ಹೇಗೆ ಆಗುತ್ತದೆ? ಚೀಟಿ ಹಾಕಿ, ಸಂಘದಲ್ಲಿ ಸಾಲ ಎತ್ತಿ, ಆ ಸಾಲದ ಕಂತಿಗೆ ಕಿವಿಯ ಬೆಂಡೋಲೆ ಅಡ ಇಟ್ಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಿಂದ ಬಂಗಾರ ಮೇಲೆ ಬರುತ್ತದೆ, ಅದೇ ತಾಲ್ಲೂಕಿನ ಹೆಣ್ಣುಮಕ್ಕಳ ಕಿವಿಯ ಬಂಗಾರ ಅಡವಿನ ಅಂಗಡಿಗೆ ಇಳಿಯುತ್ತದೆ. ಇಷ್ಟಾದರೂ ‘ಆಕೆಗೆ ಖರ್ಚು ಹಿಡಿತದಲ್ಲಿಡಲು ಬರುವುದಿಲ್ಲ’ ಎಂದು ಬುದ್ಧಿ ಹೇಳುವವರಿದ್ದಾರೆ. ನಾನು ಕಂಡಂತೆ, ಬಂದ ದುಡ್ಡನ್ನು ಇವರಷ್ಟು ಎಚ್ಚರದಿಂದ ಹಂಚುವವರು ಬೇರೆ ಇಲ್ಲ. ಹಂಚಲು ಬೇಕಾದಷ್ಟು ಬರುವುದಿಲ್ಲ, ಅಷ್ಟೆ.

ಆದರೆ ನನಗೆ ದುಡ್ಡಿಗಿಂತ ದೊಡ್ಡದಾಗಿ ಕಾಣುವುದು ರಾತ್ರಿ. ನರ್ಸ್ ಕೆಲಸದ ಹಂಚಿಕೆಯೇ ಮನೆಯಲ್ಲಿ ಇನ್ನೊಬ್ಬರು ದೊಡ್ಡವರಿದ್ದಾರೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಡ್ಯೂಟಿ ಪಟ್ಟಿ ಬರೆಯುವವರು ಆ ನಂಬಿಕೆಯನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಪಟ್ಟಿಯ ಪ್ರತಿ ಸಾಲಿನಲ್ಲೂ ಅದು ಇದೆ. ರಾತ್ರಿ ಎಂಟಕ್ಕೆ ಮನೆ ಬಿಟ್ಟು ಬೆಳಿಗ್ಗೆ ಎಂಟಕ್ಕೆ ಬರುವ ತಾಯಿಯ ಆರು ವರ್ಷದ ಮಗು ಎಲ್ಲಿ ಮಲಗಬೇಕು? ಅಂಗನವಾಡಿ ಸಂಜೆಯೊಳಗೆ ಬಾಗಿಲು ಹಾಕುತ್ತದೆ. 2023ರಲ್ಲಿ ಸರ್ಕಾರ ನರೇಗಾ ಕೂಲಿಕಾರ್ತಿಯರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಿತು. ಅದು ನಿಜವಾಗಿ ಒಳ್ಳೆಯ ಕೆಲಸ. ದುಡಿಯುವ ತಾಯಿಯ ಮಗುವಿಗೆ ಜಾಗ ಬೇಕು ಎಂದು ಸರ್ಕಾರ ಒಪ್ಪಿದ ಹಾಗಾಯಿತು. ಆದರೆ ಅದು ಹಳ್ಳಿಯಲ್ಲಿದೆ, ಮೂರು ವರ್ಷದೊಳಗಿನ ಕೂಸುಗಳಿಗಿದೆ, ಹಗಲಿಗಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ನಡೆಸಬೇಕು ಎಂದರು. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಆಯಾ, ವಾರ್ಡ್ ಬಾಯ್, ಮೆಡಿಕಲ್ ಅಂಗಡಿಯ ಹುಡುಗ ಎಲ್ಲರನ್ನೂ ಸೇರಿಸಿ ಎಣಿಸಿದರೂ 50 ಮುಟ್ಟುವುದಿಲ್ಲ.

ಹೀಗಾಗಿ ಉಳಿಯುವುದು ಅಜ್ಜಿ. ಮಗಳು ತವರಿಗೆ ಮರಳಿದ್ದರೆ ಸರಿ, ಇಲ್ಲದಿದ್ದರೆ ಅಜ್ಜಿ ತನ್ನ ಮನೆ ಬಿಟ್ಟು ಮಗಳ ಬಾಡಿಗೆ ಕೋಣೆಗೆ ಬಂದಿರಬೇಕು. ಮಗುವಿಗೆ ಉಣಿಸುವುದು, ಹೋಂವರ್ಕ್ ಪುಸ್ತಕ ಬಿಚ್ಚಿಸಿ ಕೂಡಿಸುವುದು, ನಡುರಾತ್ರಿ ಮೈ ಮುಟ್ಟಿ ಜ್ವರ ನೋಡುವುದು, ಬೆಳಿಗ್ಗೆ ಜಡೆ ಹಾಕಿ ಕಳಿಸುವುದು ಎಲ್ಲ ಆಕೆಯದು. ನರ್ಸಿಂಗ್ ಹೋಮಿನ ಮಾಲೀಕರು ರಾತ್ರಿ ಪಾಳಿಗೆ ಒಬ್ಬಳನ್ನು ಕರೆದು ಇಬ್ಬರ ದುಡಿಮೆ ಪಡೆಯುತ್ತಾರೆ, ಒಬ್ಬಳಿಗೆ ಪಗಾರ ಕೊಡುತ್ತಾರೆ. ಅಜ್ಜಿ ತೀರಿಕೊಂಡ ಅಥವಾ ಹಾಸಿಗೆ ಹಿಡಿದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆಕೆ ನೈಟ್ ಡ್ಯೂಟಿ ಬೇಡ ಎನ್ನುತ್ತಾಳೆ. ‘ಹಂಗಾರ ಬ್ಯಾರೆ ಕಡೆ ನೋಡ್ಕೋರಿ ಸಿಸ್ಟರ್’ ಎಂಬ ಉತ್ತರ ಬರುತ್ತದೆ. ಬೇರೆ ಕಡೆಯಲ್ಲೂ ರಾತ್ರಿ ಇದ್ದೇ ಇರುತ್ತದೆ.

ಇಷ್ಟು ಬಲವಾದ ನಂಬಿಕೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಅದು ಸುಳ್ಳಿನಿಂದ ಹುಟ್ಟಿದ್ದಲ್ಲ. ರಮಾಬಾಯಿ ರಾನಡೆ 1909ರಲ್ಲಿ ಪುಣೆಯಲ್ಲಿ ಸೇವಾಸದನ ಕಟ್ಟಿ, ವಿಧವೆಯರನ್ನು ಸಸೂನ್ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಕಳಿಸಿದಾಗ, ಅದು ಆ ಹೆಣ್ಣುಮಕ್ಕಳಿಗೆ ನಿಜಕ್ಕೂ ಹೊಸ ಬದುಕಾಗಿತ್ತು. ಮೀರಜ್, ಗದಗ–ಬೆಟಗೇರಿಯ ಮಿಷನ್ ಆಸ್ಪತ್ರೆಗಳೂ ಕನ್ನಡ ನಾಡಿನ ಎಷ್ಟೋ ಹೆಣ್ಣುಮಕ್ಕಳಿಗೆ ಆ ದಾರಿ ತೋರಿಸಿದವು. ಆದರೆ ಆ ಸಂಸ್ಥೆಗಳು ಕೊಟ್ಟದ್ದು ಬರೀ ಕೆಲಸವನ್ನಲ್ಲ. ಕೆಲಸದ ಜೊತೆಗೆ ಇರಲು ಹಾಸ್ಟೆಲು, ಎರಡು ಹೊತ್ತಿನ ಊಟ, ಸುತ್ತ ನಾಲ್ಕು ಜನ ಹೆಂಗಸರು ಇದ್ದರು. ನೂರು ವರ್ಷಗಳಲ್ಲಿ ಹಾಸ್ಟೆಲು ಹೋಯಿತು, ಊಟ ಹೋಯಿತು, ಆ ಜನರೂ ಹೋದರು. ನಂಬಿಕೆ ಮಾತ್ರ ಉಳಿದುಕೊಂಡಿತು. ಸೂರು ಕೊಡುತ್ತಿದ್ದ ಕಾಲದ ಭರವಸೆಯನ್ನು ಸೂರಿಲ್ಲದ ಕಾಲದ ಕೆಲಸಕ್ಕೆ ಹೊದಿಸಿ ನಾವು ಮಾತಾಡುತ್ತಿದ್ದೇವೆ.

‘ಸರ್ಕಾರಿ ನೌಕರಿ ಹಿಡೀಲಿ’ ಎನ್ನುವುದು ಮುಂದಿನ ಮಾತು. ಹಿಡಿದವರ ಬದುಕು ಬದಲಾಗಿದೆ, ಅದನ್ನು ಅಲ್ಲಗಳೆಯಲಾಗದು. ಸಂವಿಧಾನದ 371(ಜೆ) ವಿಧಿ ಬಂದಮೇಲೆ ನಮ್ಮ ಭಾಗದ ಸಿ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಕಾಯಂ ನೌಕರಿಯಲ್ಲಿರುವ ತಾಯಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆ ಇದೆ. 2023ರಲ್ಲಿ ಆ ರಜೆಯನ್ನು ಹೆಂಡತಿ ಇಲ್ಲದ ಒಂಟಿ ತಂದೆಗೂ ಕೊಟ್ಟರು. ಒಂಟಿ ಪಾಲಕರ ಪಾಡು ಸರ್ಕಾರಕ್ಕೆ ಗೊತ್ತೇ ಇಲ್ಲ ಎನ್ನುವ ಹಾಗಿಲ್ಲ. ಆದರೆ ಆಸ್ಪತ್ರೆಗಳಿಗೆ ಸರ್ಕಾರ ಆಳುಗಳನ್ನು ತುಂಬುವುದು ಹೆಚ್ಚುಹೆಚ್ಚಾಗಿ ಗುತ್ತಿಗೆಯಲ್ಲಿ, ಹೊರಗುತ್ತಿಗೆಯಲ್ಲಿ. 2023ರ ಫೆಬ್ರವರಿಯಲ್ಲಿ ರಾಜ್ಯದ ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ ನೌಕರರು ಕಾಯಂ ಮಾಡಿರೆಂದು ಮುಷ್ಕರ ಹೂಡಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತರು. ಕೊನೆಗೆ ಸಿಕ್ಕಿದ್ದು ಸಂಬಳದಲ್ಲಿ ಒಂದಷ್ಟು ಏರಿಕೆ, ಕಾಯಮಾತಿ ಸಿಗಲಿಲ್ಲ. ಒಂದೇ ವಾರ್ಡಿನಲ್ಲಿ, ಒಂದೇ ಬಣ್ಣದ ಸಮವಸ್ತ್ರದಲ್ಲಿ, ಒಂದೇ ರೋಗಿಗೆ ಡ್ರಿಪ್ ಹಾಕುವ ಇಬ್ಬರಲ್ಲಿ ಒಬ್ಬಳಿಗೆ ಮಗುವಿನ ಪರೀಕ್ಷೆಗೆ ರಜೆ ಸಿಗುತ್ತದೆ, ಇನ್ನೊಬ್ಬಳಿಗೆ ರಜೆ ಹಾಕಿದ ದಿನದ ಪಗಾರ ಹೋಗುತ್ತದೆ.

‘ಸರ್ಕಾರದ ಯೋಜನೆಗಳು ಇವೆಯಲ್ಲ’ ಎನ್ನುವವರಿಗೂ ಉತ್ತರ ಕೊಡಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದದ್ದು ಇವರಿಗೆ ದೊಡ್ಡ ಆಸರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಪೋಣಿಸುವುದು ಒಂದೇ ಹೆದ್ದಾರಿ, 150ಎ. ಮಸ್ಕಿಯಲ್ಲಿ ಮನೆ, ಸಿಂಧನೂರಿನಲ್ಲಿ ಕೆಲಸ ಎಂಬವಳಿಗೆ ತಿಂಗಳ ಬಸ್ ಖರ್ಚು ಉಳಿಯಿತು. ಉಳಿದ ಯೋಜನೆಗಳ ಕಥೆ ಬೇರೆ. ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಮನೆಯೊಡತಿ ಎಂದು ಬರೆದ ಹೆಂಗಸಿಗೆ. ತವರಿಗೆ ಮರಳಿದವಳ ಮನೆಯಲ್ಲಿ ಒಡತಿ ಆಕೆಯ ಅವ್ವ ಅಥವಾ ಅತ್ತಿಗೆ. ಮಕ್ಕಳ ಹೆಸರು ಇನ್ನೂ ಗಂಡನ ಮನೆಯ ಕಾರ್ಡಿನಲ್ಲೇ ಇರುವುದೂ ಉಂಟು, ಅದನ್ನು ತೆಗೆಸಲು ಗಂಡನ ಮನೆಯವರೇ ಒಪ್ಪಬೇಕು. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ಮೀರಬಾರದು. ತಿಂಗಳಿಗೆ 12,000 ದುಡಿಯುವವಳ ವರ್ಷದ ಆದಾಯ 1.44 ಲಕ್ಷ! ಸರ್ಕಾರದ ಲೆಕ್ಕದಲ್ಲಿ ಆಕೆ ಬಡವಳಲ್ಲ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ, ಅದರ ಆದಾಯ ಮಿತಿಯೊಳಗೆ ಪಗಾರದ ನರ್ಸ್ ಬರುವುದಿಲ್ಲ. ವಿಚ್ಛೇದಿತೆಯರಿಗೆ, ಮದುವೆಯಾಗದವರಿಗೆ ಇರುವ ಮನಸ್ವಿನಿ ಯೋಜನೆಗೆ 40 ತುಂಬಿರಬೇಕು. ಮೂವತ್ತರ ಹೊತ್ತಿಗೆ ಎರಡು ಮಕ್ಕಳೊಂದಿಗೆ ಒಂಟಿಯಾದವಳು ಮಕ್ಕಳು ಹೈಸ್ಕೂಲು ದಾಟುವವರೆಗೆ ಕಾಯಬೇಕು. ಬಡತನದ ಗೆರೆಗೂ ನೆಮ್ಮದಿಯ ಗೆರೆಗೂ ನಡುವಿನ ಇಕ್ಕಟ್ಟಿನಲ್ಲಿ ಆಕೆ ಸಿಕ್ಕಿಕೊಂಡಿದ್ದಾಳೆ, ‘ನರ್ಸ್ ಅದಾಳಲ್ಲ’ ಎಂಬ ಮಾತೇ ಆಕೆಯನ್ನು ಅಲ್ಲಿ ನಿಲ್ಲಿಸಿದೆ.

ಅದೇ ಮಾತು ಪಂಚಾಯ್ತಿ ಕಟ್ಟೆಯ ಮೇಲೆ ಇನ್ನೂ ಹೆಚ್ಚು ಹಾನಿ ಮಾಡುತ್ತದೆ. ಗಂಡ ಬಿಟ್ಟುಹೋದಾಗ ಹಿರಿಯರು ಕೂತು ಮಾತಾಡುತ್ತಾರೆ. ‘ಆಕಿ ದುಡೀತಾಳ, ಮತ್ತ ಜೀವನಾಂಶ ಯಾಕ ಬೇಕು?’ ಎಂದು ಗಂಡಿನ ಕಡೆಯವರು ಕೇಳಿದರೆ ಕೂತವರು ತಲೆಯಾಡಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಹೆಂಡತಿಗೆ ಅಷ್ಟಿಷ್ಟು ದುಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಸುನೀತಾ ಕಛವಾಹಾ ಪ್ರಕರಣದಲ್ಲಿ ಹೇಳಿತು. 2020ರ ರಜನೇಶ್–ನೇಹಾ ತೀರ್ಪಿನಲ್ಲಿ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು, ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕು ಎಂದಿತು. ಮಕ್ಕಳ ಪಾಲಂತೂ ಯಾವ ಲೆಕ್ಕದಲ್ಲೂ ತಂದೆಯ ಹೊಣೆಯಿಂದ ಜಾರುವುದಿಲ್ಲ. ಆದರೆ ಕೋರ್ಟಿಗೆ ಹೋಗಲು ಹಗಲು ಬೇಕು, ವಕೀಲರಿಗೆ ದುಡ್ಡು ಬೇಕು, ಪ್ರತಿ ತಾರೀಖಿಗೂ ಡ್ಯೂಟಿ ಬದಲಿಸಿಕೊಡುವ ಗೆಳತಿಯೊಬ್ಬಳು ಬೇಕು. ನೈಟ್ ಮುಗಿಸಿ ನಿದ್ದೆಗಣ್ಣಿನಲ್ಲೇ ಕೋರ್ಟಿನ ಪಡಸಾಲೆಯಲ್ಲಿ ಕೂತವಳಿಗೆ ಮುಂದಿನ ತಾರೀಖು ಕೊಟ್ಟರೆ ಆಕೆ ಎಷ್ಟು ಸಲ ಬಂದಾಳು? ಬಹಳಷ್ಟು ಹೆಣ್ಣುಮಕ್ಕಳು ಬಿಟ್ಟುಬಿಡುತ್ತಾರೆ. ಬಿಟ್ಟಿದ್ದನ್ನು ಊರು ಸ್ವಾಭಿಮಾನ ಎಂದು ಹೊಗಳುತ್ತದೆ. ಈ ಹೊಗಳಿಕೆ ನನಗೆ ತುಂಬಾ ನೋವು ಕೊಡುತ್ತದೆ. ಆಕೆಯ ಮಕ್ಕಳಿಗೆ ಸಲ್ಲಬೇಕಾದ ದುಡ್ಡು ಸಲ್ಲಲಿಲ್ಲ, ಅದನ್ನು ಮುಚ್ಚಿಹಾಕುವ ಮಾತು ಅದು.

ಬೆಂಗಳೂರಿಗೋ ಗಲ್ಫಿಗೋ ಹೋಗಲಿ ಎನ್ನುವ ಸಲಹೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಒಂದೇ ಜೀವ ಈ ಊರಲ್ಲಿದೆ, ಹೋದರೆ ಮಗುವನ್ನು ಬಿಟ್ಟೇ ಹೋಗಬೇಕು. ಹೋದವರಿದ್ದಾರೆ, ಅವರನ್ನು ತಪ್ಪೆನ್ನಲಾರೆ. ಆದರೆ ಊರು ಬಿಡುವುದನ್ನೇ ಪರಿಹಾರ ಎಂದು ಊರಿನವರೇ ಹೇಳಬಾರದು.

ಇನ್ನು ಮಾಲೀಕರ ಮಾತು. ಅದನ್ನು ಗೌರವದಿಂದಲೇ ಕೇಳಬೇಕು. ಸಾಲ ಮಾಡಿ ಕಟ್ಟಿದ ಆಸ್ಪತ್ರೆ, ಸುತ್ತಲಿನ ರೈತರ ಕೈಯಲ್ಲಿ ದುಡ್ಡಿದ್ದರೆ ಮಾತ್ರ ಬಿಲ್ ವಸೂಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ನಾಲೆಯನ್ನು ನಂಬಿದ ಸಿಂಧನೂರು ಸೀಮೆಯೆಲ್ಲ ಕಂಗಾಲಾಯಿತು, ಭತ್ತ ಇಲ್ಲದಿದ್ದರೆ ಇಲ್ಲಿ ಯಾವ ವ್ಯಾಪಾರವೂ ಇಲ್ಲ. ಇದೆಲ್ಲ ನಿಜ. ಆದರೆ ನೀರು ಬಂದ ವರ್ಷ ಪಗಾರ ಏರದೆ, ನೀರು ಬಾರದ ವರ್ಷ ಮಾತ್ರ ಪಗಾರ ನಿಂತರೆ, ಹೊಲದ ಕಷ್ಟವನ್ನೆಲ್ಲ ಕೊನೆಗೆ ಹೊರುತ್ತಿರುವುದು ನೈಟ್ ಡ್ಯೂಟಿಯ ಸಿಸ್ಟರ್. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ಕೇಂದ್ರ ರಚಿಸಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000ಕ್ಕಿಂತ ಕೆಳಗೆ ಇಳಿಯಬಾರದು ಎಂದು ಶಿಫಾರಸು ಮಾಡಿತು. ದೊಡ್ಡ ಆಸ್ಪತ್ರೆಗಳು ಸರ್ಕಾರಿ ಸಂಬಳಕ್ಕೆ ಸಮನಾಗಿ ಅಥವಾ ಅದರ ಹತ್ತಿರ ಕೊಡಬೇಕೆಂದಿತು. ಕೇರಳದಲ್ಲಿ ನರ್ಸ್‌ಗಳು ಸಂಘ ಕಟ್ಟಿ ಬೀದಿಗಿಳಿದು ಹೋರಾಡಿದ ಮೇಲೆ 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಆ 20,000 ರೂಪಾಯಿಯನ್ನೇ ಕನಿಷ್ಠ ವೇತನವಾಗಿ ನಿಗದಿಮಾಡಿ ಅಧಿಸೂಚನೆ ಹೊರಡಿಸಿತು. ಅಲ್ಲಿಯೂ ಸಣ್ಣ ಆಸ್ಪತ್ರೆಗಳಿದ್ದವು, ಅಲ್ಲಿಯೂ ಮಾಲೀಕರು ಆಗದು ಎಂದಿದ್ದರು.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬರಲಿ ಎಂದು ಕಾಯುತ್ತ ಕೂಡಬೇಕಿಲ್ಲ. ಪ್ರತಿ ಖಾಸಗಿ ಆಸ್ಪತ್ರೆಯೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಲೇಬೇಕು, ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ಅದನ್ನು ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನವೀಕರಣದ ಅರ್ಜಿಯ ಜೊತೆಗೆ ಪ್ರತಿ ನರ್ಸ್‌ನ ಬ್ಯಾಂಕ್ ಖಾತೆಗೆ ಹೋದ ಪಗಾರದ ಪಟ್ಟಿಯನ್ನೂ ರಾತ್ರಿ ಪಾಳಿಯ ಪಟ್ಟಿಯನ್ನೂ ಅವರು ಕೇಳಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳಿಗೆ ಈ ಷರತ್ತು ಹಾಕುವುದು ಇನ್ನೂ ಸುಲಭ. ಮತ್ತೆ ಸಿಂಧನೂರಿನಲ್ಲೊಂದು, ಲಿಂಗಸುಗೂರಿನಲ್ಲೊಂದು, ಮಸ್ಕಿಯಲ್ಲೊಂದು ರಾತ್ರಿ ತೆರೆದಿರುವ ಕೂಸಿನ ಮನೆ ಬೇಕು. ಸರ್ಕಾರಿ ಆಸ್ಪತ್ರೆಯ ಆವರಣದಲ್ಲೇ ಒಂದು ಕೋಣೆ, ಎರಡು ಜನ ಆಯಾ, ಹತ್ತು ಹಾಸಿಗೆ ಇದ್ದರೆ ಸಾಕು. ಸರ್ಕಾರಿ ನರ್ಸ್, ಖಾಸಗಿ ನರ್ಸ್, ಮಹಿಳಾ ಕಾನ್‌ಸ್ಟೆಬಲ್, ರಾತ್ರಿ ಬಸ್ಸಿನ ಕಂಡಕ್ಟರಮ್ಮ ಯಾರ ಮಗುವೇ ಆಗಲಿ ಅಲ್ಲಿ ಮಲಗಬಹುದು. ಅದು ತೆರೆದ ದಿನ ಅಜ್ಜಿಯರೂ ತಮ್ಮ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದು.