ಇಳುವರಿ ಹೆಚ್ಚಿತು, ಕೊಳಗ ಹೆಚ್ಚಲಿಲ್ಲ

ಯಂತ್ರ ಬಂದರೆ ಜಾತಿ ತಾನಾಗಿಯೇ ಹೋಗುತ್ತೆ ಅನ್ನೋ ಮಾತು ನಮ್ಮಲ್ಲಿ ಬಹಳ ಹಳೆಯದು. ರೈಲು ಬಂದಾಗ ಹೇಳಿದರು, ಕರೆಂಟು ಬಂದಾಗ ಹೇಳಿದರು, ಕಂಪ್ಯೂಟರು ಬಂದಾಗಲೂ ಹೇಳಿದರು. ಹೇಳಿದವರಲ್ಲಿ ನಮ್ಮ ವಿರೋಧಿಗಳಷ್ಟೇ ಅಲ್ಲ, ನಮ್ಮ ಮಿತ್ರರೂ ಇದ್ದಾರೆ. ಜಾತಿಗೆ ಆಧಾರವಾದ ವಂಶಪಾರಂಪರ್ಯದ ಕಸುಬುಗಳನ್ನು ರೈಲಿನ ಹಿಂದೆ ಬರುವ ಆಧುನಿಕ ಕೈಗಾರಿಕೆ ಕರಗಿಸಿಬಿಡುತ್ತೆ ಎಂದು ಕಾರ್ಲ್ ಮಾರ್ಕ್ಸ್ ೧೮೫೩ರಲ್ಲೇ ಬರೆದಿದ್ದರು. ೨೦೨೫ರ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಜೋಯಲ್ ಮೊಕಿರ್, ಫಿಲಿಪ್ ಅಗಿಯೋನ್, ಪೀಟರ್ ಹೋವಿಟ್ ಎಂಬ ಮೂವರಿಗೆ ಬಂದದ್ದು ಹೊಸ ತಂತ್ರಜ್ಞಾನದಿಂದ ದೇಶದ ಸಂಪತ್ತು ಬೆಳೆಯೋದು ಹೇಗೆ ಎಂದು ವಿವರಿಸಿದ್ದಕ್ಕೆ. ಹೊಸದು ಹಳೆಯದನ್ನು ಕೆಡವಿಯೇ ಬೆಳೆಯುತ್ತೆ ಎಂಬುದು ಅವರಲ್ಲಿ ಕೊನೆಯ ಇಬ್ಬರ ಲೆಕ್ಕದ ತಿರುಳು. ಇದಕ್ಕೆ ಶುಂಪೀಟರ್ ೧೯೪೨ರಲ್ಲೇ ‘ಸೃಜನಶೀಲ ವಿನಾಶ’ ಎಂದು ಹೆಸರಿಟ್ಟಿದ್ದರು.

ಈ ವಿದ್ವಾಂಸರ ಲೆಕ್ಕ ಸುಳ್ಳು ಅಂತ ನಾವು ಹೇಳುತ್ತಿಲ್ಲ. ನಾವು ಕೇಳೋದು ಇಷ್ಟೆ: ಯಾವ ಹಳೆಯದು ನಾಶವಾಯಿತು? ಯಾವ ಹಳೆಯದು ಹೊಸ ಅಂಗಿ ತೊಟ್ಟುಕೊಂಡು ಅದೇ ಜಗಲಿಯ ಮೇಲೆ ಮತ್ತೆ ಕೂತುಕೊಂಡಿತು? ಇದನ್ನು ಕೇಳುವುದಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಗಿಂತ ಒಳ್ಳೆಯ ಜಾಗ ಸಿಗಲಾರದು. ನೂರಿಪ್ಪತ್ತು ವರ್ಷಗಳಲ್ಲಿ ವಿದ್ಯುತ್ತು, ಅಣೆಕಟ್ಟು, ನಾಲೆ, ಸಕ್ಕರೆ ಕಾರ್ಖಾನೆ, ಹೊಸ ಬಿತ್ತನೆ, ಈಗ ಕಟಾವು ಯಂತ್ರ ಒಂದಾದ ಮೇಲೊಂದು ಈ ಸೀಮೆಗೆ ಬಂದಿವೆ. ಪ್ರಯೋಗ ನಡೆದುಹೋಗಿದೆ. ಫಲಿತಾಂಶ ಓದೋದು ಬಾಕಿ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಶುರುಮಾಡೋಣ. ಜನ ಇವತ್ತಿಗೂ ‘ಬ್ಲಫ್’ ಅನ್ನುವ ಆ ಜಾಗದಲ್ಲಿ ೧೯೦೨ರಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ಅದು ಮೊದಲು ಹೋದದ್ದು ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಇಡೀ ಲೋಕದಲ್ಲೇ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿಯ ಕೆಳಗೇ ಇದ್ದ ಹಳ್ಳಿಗಳಿಗೆ ಬರುವುದಕ್ಕೆ ದಶಕಗಳು ಹಿಡಿದವು. ಬಡವರ ಗುಡಿಸಲಿಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದದ್ದು ೧೯೭೯ರ ಆಸುಪಾಸಿನಲ್ಲಿ. ಅಲ್ಲಿಗೆ ಮುಕ್ಕಾಲು ಶತಮಾನ. ಇನ್ನು ತಂತಿಯ ಆ ತುದಿಯಲ್ಲಿ, ಬ್ರಿಟಿಷ್ ಕಂಪನಿಯ ಗಣಿಯ ಒಳಗೆ ಇಳಿದು ಬಂಡೆ ಒಡೆದವರು ಯಾರು? ತಮಿಳು ಸೀಮೆಯಿಂದ ಬಂದ ದಲಿತರೇ ಹೆಚ್ಚು. ಕರೆಂಟಿಗೆ ಜಾತಿ ಗೊತ್ತಿಲ್ಲ, ನಿಜ. ಆದರೆ ತಂತಿ ಎಳೆಯುವವನಿಗೆ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅನ್ನೋದು ಚೆನ್ನಾಗಿ ಗೊತ್ತು.

ಆಮೇಲೆ ಕನ್ನಂಬಾಡಿ. ೧೯೧೧ರಲ್ಲಿ ಕೆಲಸ ಶುರುವಾಯಿತು. ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದಂತೆ, ಆ ಮೂಲಕ ಗಣಿಗೆ ಕರೆಂಟು ತಪ್ಪದಂತೆ ನೋಡಿಕೊಳ್ಳೋದು ಆ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ೧೯೩೦ರ ದಶಕದ ಮೊದಲಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಈ ಕಡೆ ಹರಿಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿಗೂ ತತ್ವಾರವಾಗಿದ್ದ ಸೀಮೆ ಕಬ್ಬು ಭತ್ತದ ಸೀಮೆಯಾಯಿತು. ಇಲ್ಲಿನ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲಿ ವಿಶ್ವೇಶ್ವರಯ್ಯನವರ ಪಟವಿದೆ. ಆ ಕೃತಜ್ಞತೆಯನ್ನು ನಾವು ಹೀಯಾಳಿಸೋದಿಲ್ಲ. ಉಂಡವರು ನೆನೆಯಬೇಕಾದ್ದೇ.

ಆದರೆ ನೀರು ಹರಿಯೋದು ಜಮೀನಿಗೆ. ಜಮೀನು ಯಾರದು? ಕೇರಿಯವರ ಕೈಯಲ್ಲಿದ್ದದ್ದು ತೋಟಿ, ತಳವಾರಿಕೆ ಚಾಕರಿಗೆ ಬಿಟ್ಟ ತುಂಡು ನೆಲ, ಇಲ್ಲವೇ ಸರ್ಕಾರ ಮಂಜೂರು ಮಾಡಿದ ಅಂಚಿನ ನೆಲ. ಬೆದ್ದಲು ತರಿಯಾದರೆ ಬೆಲೆ ಏರುತ್ತೆ. ಬೆಲೆ ಏರಿದ ತುಂಡು ಸಾಲಕ್ಕೋ ಮದುವೆಗೋ ರೋಗಕ್ಕೋ ಕೈಬಿಟ್ಟು ಹೋಗುತ್ತೆ. ಹೀಗೆ ಹೋದ ಮಂಜೂರಾತಿ ಜಮೀನನ್ನು ವಾಪಸು ಕೊಡಿಸೋಕೆ ೧೯೭೮ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯಿತು ಅಂದರೆ, ಹೋದದ್ದನ್ನು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ದೇವರಾಜ ಅರಸು ಕಾಲದ ೧೯೭೪ರ ಭೂಸುಧಾರಣೆ ದೊಡ್ಡ ಹೆಜ್ಜೆ. ಆದರೆ ಅದು ಭೂಮಿ ಕೊಟ್ಟದ್ದು ಗೇಣಿ ಮಾಡುತ್ತಿದ್ದವನಿಗೆ. ಕೂಲಿಯವನ ಹೆಸರಿನಲ್ಲಿ ಗೇಣಿಯೂ ಇರಲಿಲ್ಲ.

ಇಲ್ಲಿ ಇನ್ನೊಂದು ಮಾತು. ಕೈಗಾರಿಕೆ ಇಲ್ಲದಿದ್ದರೆ ವಿನಾಶ ಎಂದು ಸಾರಿದ ವಿಶ್ವೇಶ್ವರಯ್ಯನವರು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಚಾರವನ್ನು ಒಪ್ಪಲಿಲ್ಲ. ಮಿಲ್ಲರ್ ಸಮಿತಿ ನೇಮಕವಾದ ೧೯೧೮ನೇ ಇಸವಿಯಲ್ಲೇ ಅವರು ದಿವಾನಗಿರಿ ಬಿಟ್ಟರು. ಕಲ್ಲು ಗಾರೆಯಲ್ಲಿ ಹೊಸತನ್ನು ಕಂಡ ಕಣ್ಣಿಗೆ ಪ್ರಾತಿನಿಧ್ಯವೂ ಒಂದು ಹೊಸ ಆವಿಷ್ಕಾರ ಅಂತ ಕಾಣಲಿಲ್ಲ. ಇದು ಒಬ್ಬ ವ್ಯಕ್ತಿಯ ದೋಷವಲ್ಲ. ನಮ್ಮ ದೇಶದಲ್ಲಿ ತಂತ್ರಜ್ಞಾನವನ್ನು ಹೊಗಳುವವರ ಪರಂಪರೆಯೇ ಹಾಗೆ: ಅಣೆಕಟ್ಟಿನ ಎತ್ತರ ಅಳೆಯುತ್ತಾರೆ, ಕೆಳಗೆ ನಿಂತವನನ್ನು ಎಣಿಸುವುದಿಲ್ಲ.

ನಾಲೆ ಬರುವ ಮುಂಚೆ ಕೆರೆಗಳಿದ್ದವು. ಹಳೇ ಮೈಸೂರು ಸೀಮೆಯ ಎಷ್ಟೋ ಕೆರೆಗಳಲ್ಲಿ ನೀರುಗಂಟಿ ದಲಿತ ಕೇರಿಯವನೇ. ತೂಬು ಎತ್ತೋದು, ಇಳಿಸೋದು, ಯಾವ ಗದ್ದೆಗೆ ಎಷ್ಟು ಹೊತ್ತು, ಮಳೆ ಕೈಕೊಟ್ಟ ವರ್ಷ ಯಾವ ಬಯಲನ್ನು ಬಿಟ್ಟುಬಿಡಬೇಕು ಅನ್ನೋದೆಲ್ಲ ಅವನ ತಲೆಯಲ್ಲಿತ್ತು. ಇದು ಜ್ಞಾನವಲ್ಲದೆ ಮತ್ತೇನು? ಹಾಗಂತ ಆ ಕಾಲವನ್ನು ಸ್ವರ್ಗ ಅನ್ನೋಕೆ ನಾವು ತಯಾರಿಲ್ಲ. ತೂಬು ಅವನ ಕೈಲಿತ್ತು, ನೀರು ಅವನದಾಗಿರಲಿಲ್ಲ. ಅವನು ಹಂಚಿದ, ಮಿಕ್ಕವರು ಬೆಳೆದರು, ಅವನಿಗೆ ಕಣದಲ್ಲಿ ಮೊರದಷ್ಟು ಕಾಳು. ನಾಲೆ ಬಂದಾಗ ಇಂಜಿನಿಯರು ಬಂದ, ಸೌಡಿ ಬಂದ, ಇಲಾಖೆಯ ರಿಜಿಸ್ಟರು ಬಂತು. ನೀರುಗಂಟಿಯ ಜ್ಞಾನಕ್ಕೆ ಆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಸೃಜನಶೀಲ ವಿನಾಶ ಅಂದರೆ ಇದೂ ಒಂದು: ಅವನ ಕೈಲಿದ್ದ ವಿದ್ಯೆ ನಾಶವಾಯಿತು, ಅವನನ್ನು ಕೇರಿಯಲ್ಲಿಟ್ಟಿದ್ದ ಕಟ್ಟಳೆ ಉಳಿಯಿತು.

ಉಳಿಯಿತು ಅನ್ನೋದಕ್ಕೆ ಸಾಕ್ಷಿ ಬೇಕೆ? ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ ೧೯೫೦ರ ದಶಕದ ಮಧ್ಯದಲ್ಲಿ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿ ೧೯೬೨ರಲ್ಲಿ ಪುಸ್ತಕ ತಂದರು. ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟ ಹಳ್ಳಿಗಳು. ವಂಗಲಕ್ಕೆ ನಾಲೆ ನೀರು ಹತ್ತಿತು. ದಲೇನದ ನೆಲ ಎತ್ತರದಲ್ಲಿತ್ತು, ಹತ್ತಲಿಲ್ಲ. ನಾವೆಲ್ಲ ಏನು ಊಹಿಸುತ್ತೇವೆ? ನೀರು ಬಂದ ಊರು ಬದಲಾಯಿತು, ಬರದ ಊರು ಹಾಗೇ ಉಳಿಯಿತು ಅಂತ. ಎಪ್‌ಸ್ಟೈನ್ ಕಂಡದ್ದು ತಿರುವುಮುರುವು. ನೀರು ಬಂದ ವಂಗಲದಲ್ಲಿ ಬೇಸಾಯ ಬೆಳೆಯಿತು, ಅದರ ಜೊತೆಗೆ ಹಳೆಯ ಒಕ್ಕಲು-ಆಳು ಸಂಬಂಧ ಇನ್ನೂ ಭದ್ರವಾಯಿತು. ನೀರು ಬರದ ದಲೇನದವರು ಮಂಡ್ಯದ ನೌಕರಿ, ಗಾಡಿ ಬಾಡಿಗೆ, ಹಿಟ್ಟಿನ ಗಿರಣಿ ಅಂತ ಹೊರಗೆ ದಾರಿ ಹುಡುಕಿಕೊಂಡರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ.

ಇದರ ಒಳಗುಟ್ಟು ‘ಹಳೇಮಗ’ ಅನ್ನೋ ಒಂದು ಪದದಲ್ಲಿದೆ. ಒಕ್ಕಲ ಮನೆಗೆ ತಲೆತಲಾಂತರದಿಂದ ಕಟ್ಟುಬಿದ್ದ ಕೇರಿಯ ಮನೆಯವನು ಹಳೇಮಗ. ಮಗ ಅನ್ನೋದು ಬಾಯಿಮಾತಿಗೆ, ಆಸ್ತಿಯಲ್ಲಿ ಪಾಲಿಲ್ಲ. ಅವನಿಗೆ ಸುಗ್ಗಿಯಲ್ಲಿ ಇಷ್ಟು ಅಂತ ಗೊತ್ತುಮಾಡಿದ ಕಾಳು. ಬರಗಾಲದಲ್ಲಿ ಈ ಗೊತ್ತು ಅವನ ಜೀವ ಉಳಿಸುತ್ತಿತ್ತು, ಇಲ್ಲ ಅನ್ನೋಕಾಗಲ್ಲ. ಆದರೆ ನಾಲೆ ಬಂದು ಎಕರೆಯ ಫಸಲು ಏರಿದಾಗಲೂ ಗೊತ್ತು ಗೊತ್ತಾಗಿಯೇ ಉಳಿಯಿತು. ಇಳುವರಿ ಹೆಚ್ಚಿತು, ಕೊಳಗ ಹೆಚ್ಚಲಿಲ್ಲ. ಕಣದಲ್ಲಿ ಹೆಚ್ಚಾಗಿ ಬಿದ್ದ ರಾಶಿಯೆಲ್ಲ ಒಂದೇ ಮನೆಯ ಕಣಜಕ್ಕೆ ಹೋಯಿತು. ಹೊಸ ತಂತ್ರಜ್ಞಾನದ ಲಾಭ ಹಂಚುವ ಕೊಳಗ ಹಳೆಯದೇ ಆಗಿತ್ತು.

ಎಪ್‌ಸ್ಟೈನ್ ಪುಸ್ತಕಕ್ಕೆ ನಾವು ಋಣಿಗಳು. ಆದರೂ ಒಂದು ತಕರಾರಿದೆ. ಬದಲಾದ ಊರು, ಬದಲಾಗದ ಊರು ಎಂದು ಎರಡು ಭಾಗ ಮಾಡಿದರೆ ಅದು ಊರಿನ ಕಣ್ಣಿನ ಲೆಕ್ಕ. ಕೇರಿಯಿಂದ ನೋಡಿದರೆ ಎರಡೂ ಕಡೆ ನಷ್ಟ ನಮ್ಮದೇ. ನೀರು ಬಂದ ಊರಲ್ಲಿ ಆಳು ಇನ್ನೂ ಬಿಗಿಯಾಗಿ ಕಟ್ಟುಬಿದ್ದ. ಬರದ ಊರಲ್ಲಿ ಕಟ್ಟು ಬಿಚ್ಚಿತು, ಜೊತೆಗೆ ಸುಗ್ಗಿಯ ಕಾಳೂ ಹೋಯಿತು. ಒಕ್ಕಲಿನವನು ಬಿಡುಗಡೆಯಾಗಿ ಗಿರಣಿ ಹಾಕಿದ. ಕೇರಿಯವನು ಬಿಡುಗಡೆಯಾಗಿ ಬರಿಗೈಯಲ್ಲಿ ನಿಂತ. ಅದೇ ಲೇಖಕಿ ೧೯೭೦ರಲ್ಲಿ ತಿರುಗಿ ಬಂದಾಗ ಉಳ್ಳವರ ಇಲ್ಲದವರ ಅಂತರ ಹಿಗ್ಗಿದ್ದನ್ನೇ ಕಂಡರು.

ಹಾಗಾದರೆ ಯಂತ್ರದಿಂದ ನಮಗೆ ಏನೂ ಆಗಲಿಲ್ಲವೆ? ಆಯಿತು. ಸಕ್ಕರೆ ಕಾರ್ಖಾನೆಯ ಗೇಟಿನ ಒಳಗೆ ಕೆಲಸ ಸಿಕ್ಕಿದವನು ತಿಂಗಳ ಕೊನೆಗೆ ಸಂಬಳ ಎಣಿಸಿದ. ಅವನು ಯಾರಿಗೂ ಹಳೇಮಗನಲ್ಲ. ಆ ಸಂಬಳದಲ್ಲಿ ಮಕ್ಕಳು ಓದಿದರು. ಇದು ಸಣ್ಣ ಮಾತಲ್ಲ. ಆದರೆ ಕಾರ್ಖಾನೆ ಕೆಲವು ವರ್ಷ ನಿಂತು ೨೦೨೨ರಲ್ಲಿ ಮತ್ತೆ ಶುರುವಾಗುವ ತನಕ ನಡೆದ ಚರ್ಚೆಯನ್ನು ನೆನೆಯಿರಿ. ಕಬ್ಬು ಬೆಳೆದವರ ಬಾಕಿಗೆ ಲೆಕ್ಕ ಇತ್ತು, ಇರಬೇಕಾದ್ದೇ. ಕಬ್ಬು ಕಡಿಯುವವರ, ಹೊರುವವರ, ಗಾಣದ ಮುಂದೆ ಬೇಯುವವರ ತಪ್ಪಿಹೋದ ಸುಗ್ಗಿಗೆ ಯಾವ ಪುಸ್ತಕದಲ್ಲಿ ಲೆಕ್ಕ?

ಈಗ ಗದ್ದೆಗೆ ಕಟಾವು ಯಂತ್ರ ಬಂದಿದೆ. ಕುಯ್ಯೋದು, ಹೊರೆ ಕಟ್ಟೋದು, ಬಡಿಯೋದು, ತೂರೋದು ಇಷ್ಟೂ ಒಂದೇ ಸಲಕ್ಕೆ ಮುಗಿಯುತ್ತೆ. “ಮಿಸ್ನು ಒಂದೊತ್ತಿಗೇ ಕುಯ್ದು ಗುಡ್ಡೆ ಹಾಕ್ಬುಟ್ಟು ಹೋಯ್ತದೆ, ನಾವು ಬದೀಲಿ ನಿಂತ್ಕಂಡು ನೋಡದೆಯ” ಅನ್ನೋ ಮಾತು ಕೇರಿಯ ಹೆಣ್ಣುಮಕ್ಕಳ ಬಾಯಲ್ಲಿದೆ. ಹೋದದ್ದು ಕೂಲಿ ಮಾತ್ರವಲ್ಲ. ಯಂತ್ರದ ಬಾಯಿಂದ ಬಂದ ಹುಲ್ಲು ಪುಡಿಪುಡಿ, ಹೊರೆ ಕಟ್ಟಿ ಮನೆಗೆ ತರೋಕಾಗಲ್ಲ. ಕಳೆನಾಶಕ ಬಂದ ಮೇಲೆ ಕಳೆ ಕೂಲಿಯೂ ಹೋಯಿತು, ಬದುವಿನ ಹಸಿರೂ ಒಣಗಿತು. ಗೆಜ್ಜಲಗೆರೆ ಡೇರಿಗೆ ಹಾಲು ಕೊಡುವ ಸಂಘದಲ್ಲಿ ಜಿಡ್ಡು ಅಳೆಯುವ ಯಂತ್ರ ಜಾತಿ ಕೇಳೋದಿಲ್ಲ, ಒಪ್ಪೋಣ. ಆದರೆ ಹಸುವಿಗೆ ಹುಲ್ಲು ಬೇಕು, ಹುಲ್ಲಿಗೆ ಬದು ಬೇಕು, ಬದು ಗದ್ದೆ ಇರುವವನದು. ಯಂತ್ರ ಕೇಳದ ಪ್ರಶ್ನೆಯನ್ನು ಬದು ಕೇಳುತ್ತೆ.

ಇಷ್ಟು ಹೇಳಿದ ಕೂಡಲೆ ಕೆಲವು ಗೆಳೆಯರು ಯಂತ್ರವೇ ಬೇಡ, ಕುಡುಗೋಲೇ ಚೆಂದ, ಹಳ್ಳಿಯ ಬದುಕೇ ಪಾವನ ಅನ್ನುತ್ತಾರೆ. ಅವರ ಜೊತೆ ನಾವಿಲ್ಲ. ಕೆಸರಲ್ಲಿ ದಿನವಿಡೀ ಬಗ್ಗಿದ ಬೆನ್ನು ನಮ್ಮ ಸಂಸ್ಕೃತಿಯಲ್ಲ, ನಮ್ಮ ಮೇಲೆ ಹೇರಿದ ಶಿಕ್ಷೆ. ಅಂಬೇಡ್ಕರರು ೧೯೪೫ರಲ್ಲಿ ಗಾಂಧಿವಾದವನ್ನು ವಿಮರ್ಶಿಸುವಾಗ ಯಂತ್ರದ ಪರವಾಗಿ ನಿಂತರು. ಮನುಷ್ಯನಿಗೆ ಬಿಡುವು ಕೊಡುವುದು ಯಂತ್ರ, ಬಿಡುವಿಲ್ಲದೆ ಸಂಸ್ಕೃತಿಯಿಲ್ಲ, ಕೆಡುಕಿರುವುದು ಯಂತ್ರದಲ್ಲಲ್ಲ, ಅದರ ಫಲವನ್ನು ಕೆಲವರದೇ ಸ್ವತ್ತಾಗಿಸಿದ ಸಮಾಜದ ಕಟ್ಟಿನಲ್ಲಿ ಎಂಬುದು ಅವರ ವಾದ. ನಮ್ಮ ಹೆಣ್ಣುಮಕ್ಕಳಿಗೆ ಯಂತ್ರ ಕೊಟ್ಟದ್ದು ಬಿಡುವಲ್ಲ, ನಿರುದ್ಯೋಗ. ಎರಡರ ನಡುವಿನ ವ್ಯತ್ಯಾಸವೇ ಒಡೆತನ.

ಒಡೆತನ ಹಂಚಿದರೆ ತಂತ್ರಜ್ಞಾನದ ಗುಣವೇ ಬೇರೆಯಾಗುತ್ತೆ. ಇದಕ್ಕೂ ಮಂಡ್ಯದಲ್ಲೇ ಉದಾಹರಣೆ ಇದೆ. ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ಅದಕ್ಕೆ ನಾಲೆ ಬೇಕಿಲ್ಲ, ಸೌಡಿಯ ಮರ್ಜಿ ಬೇಕಿಲ್ಲ. ಮಳವಳ್ಳಿಯ ಕಡೆ ಅರ್ಧ ಎಕರೆ ಬೆದ್ದಲು ಇದ್ದವನೂ ಬಿತ್ತಬಹುದು, ಬಂದ ಕಾಳಲ್ಲೇ ಮುಂದಿನ ವರ್ಷಕ್ಕೆ ಬಿತ್ತನೆ ಎತ್ತಿಡಬಹುದು, ನೆರೆಯವಳ ಮಡಿಲಿಗೆ ಒಂದು ಸೇರು ಹಾಕಬಹುದು. ಸರ್ಕಾರದ ದುಡ್ಡಲ್ಲಿ ನಡೆದ ಸಂಶೋಧನೆ, ಯಾರೂ ಬೀಗ ಹಾಕದ ಬೀಜ. ಅಣೆಕಟ್ಟಿಗೆ ಸಿಕ್ಕ ಪೂಜೆಯಲ್ಲಿ ಕಾಸಿನಷ್ಟೂ ಈ ರಾಗಿಗೆ ಸಿಗಲಿಲ್ಲ. ಹೊಸತು ಅಂದರೆ ಭಾರಿಯದು ಅಂದುಕೊಂಡ ವಿಮರ್ಶೆಯ ಫಲ ಇದು.

ಆದ್ದರಿಂದ ನಮ್ಮ ವಿಮರ್ಶೆ ಕಚೇರಿಯ ಬಾಗಿಲ ತನಕ ಹೋಗಬೇಕು. ಕೃಷಿ ಯಂತ್ರಧಾರೆ ಅಂತ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳಿವೆ. ಪರಿಶಿಷ್ಟರ ಪಾಲಿನ ಹಣ ಪರಿಶಿಷ್ಟರಿಗೇ ಖರ್ಚಾಗಬೇಕೆಂದು ೨೦೧೩ರ ಕಾಯ್ದೆ ಇದೆ. ಹಾಗಿದ್ದಮೇಲೆ ಕಟಾವು ಯಂತ್ರವೊಂದನ್ನು ಕೂಲಿ ಹೆಣ್ಣುಮಕ್ಕಳ ಸಂಘದ ಹೆಸರಿಗೆ ಕೊಡಿಸೋಕೆ ಏನು ಅಡ್ಡಿ? ಅಡ್ಡಿ ಪಹಣಿ. ಯಂತ್ರದ ಸಬ್ಸಿಡಿಗೆ ಅರ್ಜಿ ಹಾಕಿದರೆ ಪಹಣಿ ತನ್ನಿ ಅನ್ನುತ್ತಾರೆ. ಯಾರ ಕೂಲಿಯನ್ನು ಯಂತ್ರ ತಿಂದಿತೋ ಅವರ ಹತ್ತಿರವೇ ಪಹಣಿ ಇಲ್ಲ. ಜಮೀನಿಲ್ಲದ ಕೂಲಿಯವಳು ಯಂತ್ರದ ಒಡತಿಯಾಗಬಹುದು ಅನ್ನುವ ಒಂದು ಸಾಲು ಅರ್ಜಿ ನಮೂನೆಯಲ್ಲಿ ಸೇರಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಗೆಳೆಯರು ಮುಂದಿನ ಸುಗ್ಗಿಗೆ ಮುಂಚೆ ತಾಲ್ಲೂಕು ಕಚೇರಿಯಲ್ಲಿ ಈ ಸಾಲನ್ನು ಕೇಳಲಿ. ಬಾಡಿಗೆಯ ರಸೀದಿ ಕೇರಿಯ ಹೆಣ್ಣುಮಗಳ ಹೆಸರಿನಲ್ಲಿ ಹರಿದ ದಿನ, ಇಲ್ಲಿಗೆ ಹೊಸ ತಂತ್ರಜ್ಞಾನ ಬಂತು ಅಂತ ನಾವೂ ಬರೆಯುತ್ತೇವೆ.