ಪರದೆಯ ಮೇಲಿನ ಗೆರೆ ಎಷ್ಟು ನಿಜ?

ಮುಂಗಾರು ಚುರುಕಾಯಿತೆಂದರೆ ಮೈಸೂರಿನ ಮನೆಗಳಲ್ಲಿ ಬೆಳಗಿನ ಪತ್ರಿಕೆ ಬಿಡಿಸಿದ ಕೂಡಲೇ ಕಣ್ಣು ಹುಡುಕುವುದು ಕನ್ನಂಬಾಡಿಯ ಅಂಕಿಯನ್ನು. ನಿನ್ನೆ ಎಷ್ಟಿತ್ತು, ಇಂದು ಎಷ್ಟಾಯಿತು, ಗರಿಷ್ಠ ಮಟ್ಟವಾದ 124.80 ಅಡಿಗೆ ಇನ್ನೆಷ್ಟು ಬಾಕಿ? ಒಂದು ತಿಂಗಳ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಚುಕ್ಕೆಗಳನ್ನು ಜೋಡಿಸಿದರೆ ಒಂದು ಗೆರೆ ಸಿಗುತ್ತದೆ. ಕಾಲ ಸರಿದಂತೆ ಒಂದು ಪರಿಮಾಣ ಹೇಗೆ ಏರಿತು, ಹೇಗೆ ಇಳಿಯಿತು ಎಂದು ತೋರಿಸುವ ಇಂಥ ಗೆರೆಗೆ ಕಾರ್ಖಾನೆಯವರು ‘ಟ್ರೆಂಡ್’ ಎನ್ನುತ್ತಾರೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ಕೃಷ್ಣರಾಜಸಾಗರ ತುಂಬಿದಾಗ ಅದರಲ್ಲಿ ಸುಮಾರು 49.45 ಟಿಎಂಸಿ ನೀರಿರುತ್ತದೆ. ಮಟ್ಟ 100 ಅಡಿಗೆ ಇಳಿದಾಗ ಉಳಿಯುವುದು ಸುಮಾರು 23 ಟಿಎಂಸಿ. ಸೊನ್ನೆಯಿಂದ 125 ಅಡಿಯವರೆಗಿನ ಅಕ್ಷದಲ್ಲಿ ಮಟ್ಟದ ಟ್ರೆಂಡ್ ಬರೆದರೆ ಗೆರೆ ಐದರಲ್ಲಿ ಒಂದು ಪಾಲು ಮಾತ್ರ ಕೆಳಗಿಳಿಯುತ್ತದೆ, ನೋಡಿದವರಿಗೆ ಗಾಬರಿಯಾಗದು. ಅದೇ ದಿನಗಳ ಟ್ರೆಂಡನ್ನು ಟಿಎಂಸಿಯಲ್ಲಿ ಬರೆದರೆ ಗೆರೆ ಅರ್ಧಕ್ಕಿಂತಲೂ ಕೆಳಗೆ ಬಿದ್ದಿರುತ್ತದೆ. ಕಾರಣ ಸರಳ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ಆದ್ದರಿಂದ ಮೇಲಿನ ಒಂದೊಂದು ಅಡಿಯಲ್ಲೂ ಕೆಳಗಿನ ಅಡಿಗಿಂತ ಹೆಚ್ಚು ನೀರಿರುತ್ತದೆ. ತುದಿ ಕೆಳಗಾದ ಶಂಕುವಿನ ಘನಫಲದ ಸೂತ್ರ ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಪರೀಕ್ಷಿಸಬಹುದು: ಎತ್ತರದ ಅನುಪಾತ 0.80, ಅದರ ಘನ 0.51. ನಿಜವಾದ ಅನುಪಾತ ಅದಕ್ಕಿಂತಲೂ ತುಸು ಕಡಿಮೆ. ಎರಡು ಗೆರೆಗಳೂ ಸತ್ಯವೇ. ಆದರೆ ಕುಡಿಯುವ ನೀರಿನ ಚಿಂತೆ ಇರುವವನಿಗೆ ಬೇಕಾದುದು ಎರಡನೆಯದು, ಕ್ರೆಸ್ಟ್ ಗೇಟು ತೆರೆಯಬೇಕಾದವನಿಗೆ ಮೊದಲನೆಯದು. ಯಾವುದನ್ನು ತೋರಿಸಬೇಕೆಂದು ಯಾರೋ ಒಬ್ಬರು ನಿರ್ಧರಿಸಿರುತ್ತಾರೆ. ಈ ಲೇಖನದ ತಕರಾರು ಇರುವುದು ಆ ನಿರ್ಧಾರ ನಡೆಯುವ ರೀತಿಯ ಬಗ್ಗೆ.

ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಸ್ಕಾಡಾ’ ಹೊಸ ಪದವಲ್ಲ. ಸಂವೇದಕಗಳು ಅಳೆದ ಒತ್ತಡ, ಉಷ್ಣತೆ, ಮಟ್ಟಗಳನ್ನು ಪಿಎಲ್‌ಸಿ ಎಂಬ ನಿಯಂತ್ರಕ ಸಂಗ್ರಹಿಸುತ್ತದೆ. ಗಣಕದಲ್ಲಿರುವ ತಂತ್ರಾಂಶ ಅವನ್ನು ಪಡೆದು ಚಿತ್ರವಾಗಿ, ಗೆರೆಯಾಗಿ ಪರದೆಯ ಮೇಲೆ ತೋರಿಸುತ್ತದೆ. ಇನ್‌ಟಚ್, ವಿನ್‌ಸಿಸಿ, ಐಫಿಕ್ಸ್ ಮುಂತಾದ ತಂತ್ರಾಂಶಗಳಲ್ಲಿ ಪರದೆ ರಚಿಸುವುದನ್ನು ತರಬೇತಿ ಕೇಂದ್ರಗಳು ಕೆಲವೇ ದಿನಗಳಲ್ಲಿ ಕಲಿಸುತ್ತವೆ. ಚಿತ್ರಕೋಶದಿಂದ ಟ್ಯಾಂಕು ಎಳೆದು ತನ್ನಿ, ಪಂಪು ಇಡಿ, ಟ್ರೆಂಡ್ ಪೆಟ್ಟಿಗೆ ಇಟ್ಟು ಒಂದು ‘ಟ್ಯಾಗ್’ ಜೋಡಿಸಿ, ‘ಓಕೆ’ ಒತ್ತಿ. ಗೆರೆ ಓಡತೊಡಗುತ್ತದೆ, ಪಾಠ ಮುಗಿಯುತ್ತದೆ. ಗೆರೆ ಏನನ್ನು ಹೇಳುತ್ತಿದೆ, ಏನನ್ನು ಮುಚ್ಚಿಡುತ್ತಿದೆ ಎಂಬ ಪಾಠ ಆರಂಭವಾಗುವುದೇ ಇಲ್ಲ.

ಆ ‘ಓಕೆ’ಯ ಹಿಂದೆ ಏನೇನಿದೆ ನೋಡೋಣ. ಮೊದಲನೆಯದು, ಎಷ್ಟು ಹೊತ್ತಿಗೊಮ್ಮೆ ಅಳತೆ ತೆಗೆದುಕೊಳ್ಳಬೇಕು ಎಂಬುದು. ಮೈಸೂರಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿಯ ನೀರೂ ಬಿದರಗೂಡಿನಿಂದ ಕಬಿನಿಯ ನೀರೂ ಪಂಪಿನ ಬಲದಿಂದಲೇ ಮೇಲೇರಿ ಬರಬೇಕು. ಇಂಥ ಒಂದು ಪಂಪಿನ ಮೋಟಾರನ್ನು ಊಹಿಸಿಕೊಳ್ಳಿ. ಇಂಡಕ್ಷನ್ ಮೋಟಾರನ್ನು ನೇರವಾಗಿ ಚಾಲೂ ಮಾಡಿದಾಗ ಅದು ಕೆಲವು ಸೆಕೆಂಡುಗಳ ಕಾಲ ಸಾಮಾನ್ಯದ ಐದಾರು ಪಟ್ಟು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ನಿಮಿಷಕ್ಕೊಂದು ಅಳತೆ ಸಾಕೆಂದು ನೀವು ನಿಗದಿ ಮಾಡಿದರೆ ಆರು ಸೆಕೆಂಡಿನ ಆ ಜಿಗಿತ ಕಣ್ಣಿಗೆ ಬೀಳುವ ಸಾಧ್ಯತೆ ಹತ್ತರಲ್ಲಿ ಒಂದು. ಮೋಟಾರು ದಿನಕ್ಕೆ ಇಪ್ಪತ್ತು ಸಲ ನಿಂತು ಹೊರಟರೆ ಟ್ರೆಂಡಿನಲ್ಲಿ ಎಲ್ಲೋ ಒಂದೆರಡು ಕಡೆ ಮೊನೆ ಕಾಣುತ್ತದೆ. ನೋಡಿದವರು ಅದನ್ನು ಅಳತೆಯ ದೋಷವೆಂದು ತಳ್ಳಿಹಾಕುತ್ತಾರೆ. ಅತ್ತ ಮೋಟಾರಿನ ಸುರುಳಿ ಬಿಸಿಯಾಗುತ್ತಲೇ ಇರುತ್ತದೆ.

ಹಾಗಾದರೆ ಸೆಕೆಂಡಿಗೊಂದು ಅಳತೆ ತೆಗೆದುಕೊಂಡರೆ ಸರಿಹೋದೀತೆ? ದಿನಕ್ಕೆ 86,400 ಸೆಕೆಂಡು. ಪರದೆಯಲ್ಲಿ ಗ್ರಾಫಿಗೆ ಒದಗುವ ಅಗಲ ಸುಮಾರು ಸಾವಿರ ಪಿಕ್ಸೆಲ್ ಎಂದುಕೊಳ್ಳಿ. ಇಡೀ ದಿನದ ಗೆರೆ ಬರೆಯಬೇಕಾದರೆ ಒಂದೊಂದು ಪಿಕ್ಸೆಲ್ಲಿಗೆ 86 ಅಳತೆಗಳು ಬರುತ್ತವೆ. ತಂತ್ರಾಂಶ ಆ 86ರಲ್ಲಿ ಮೊದಲನೆಯದನ್ನು ತೋರಿಸುತ್ತದೆಯೋ, ಸರಾಸರಿಯನ್ನೋ, ಕನಿಷ್ಠ-ಗರಿಷ್ಠ ಎರಡನ್ನೂ ಕೂಡಿಸಿ ನಿಲುಗೆರೆಯಾಗಿ ಎಳೆಯುತ್ತದೆಯೋ? ಸರಾಸರಿಯಾದರೆ ಜಿಗಿತ ಮತ್ತೆ ಮಾಯ. ಕನಿಷ್ಠ-ಗರಿಷ್ಠದ ಆಯ್ಕೆ ಇದ್ದರೂ ಅದನ್ನು ಹುಡುಕಿ ಬದಲಿಸುವವರು ವಿರಳ.

ಇನ್ನೊಂದು ಆಯ್ಕೆಯ ಹೆಸರು ‘ಡೆಡ್‌ಬ್ಯಾಂಡ್’. ಇಂತಿಷ್ಟು ಬದಲಾಗದ ಹೊರತು ಹೊಸ ಬೆಲೆಯನ್ನು ದಾಖಲಿಸಬೇಡ ಎಂಬ ಸೂಚನೆ ಅದು. ಗಣಕದ ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ ಇದು ಜಾಣತನವೇ ಆಗಿತ್ತು. ನಿಮ್ಮ ಮನೆಯ ಮೇಲೆ 1000 ಲೀಟರಿನ ಟ್ಯಾಂಕು ಇದೆ, ಡೆಡ್‌ಬ್ಯಾಂಡ್ ಶೇಕಡಾ 1 ಎನ್ನಿ. ಅಂದರೆ 10 ಲೀಟರು. ರಾತ್ರಿಯಿಡೀ ಒಂದು ನಲ್ಲಿ ಗಂಟೆಗೆ ಒಂದು ಲೀಟರಿನಂತೆ ತೊಟ್ಟಿಕ್ಕಿದರೂ ಎಂಟು ಗಂಟೆಗಳಲ್ಲಿ ಹೋಗುವುದು 8 ಲೀಟರು. ಟ್ರೆಂಡ್ ಬೆಳಗಿನವರೆಗೆ ಅಡ್ಡಗೆರೆ. ಸೋರಿಕೆ ಇಲ್ಲವೆಂದು ಅದು ಪ್ರಮಾಣಪತ್ರ ಕೊಟ್ಟುಬಿಡುತ್ತದೆ! ಇದೇ ಶೇಕಡಾ 1ನ್ನು ಊರಿನ ದೊಡ್ಡ ಜಲಸಂಗ್ರಹಾಗಾರಕ್ಕೆ ಅನ್ವಯಿಸಿದರೆ ಎಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋದೀತು ಎಂಬುದನ್ನು ನೀವೇ ಗುಣಿಸಿ ನೋಡಿ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಕೆಟ್ಟ ತಪ್ಪು ಬೇರೆ. ದೂರದ ಟ್ಯಾಂಕಿನಿಂದ ಮಾಹಿತಿ ಹೊತ್ತು ತರುವ ಸಂಪರ್ಕ ನಡುರಾತ್ರಿ ಎರಡು ಗಂಟೆಗೆ ಕಡಿದು ಐದಕ್ಕೆ ಮರಳಿತು ಎಂದಿಟ್ಟುಕೊಳ್ಳಿ. ಆ ಮೂರು ಗಂಟೆ ನಮಗೆ ಏನೂ ಗೊತ್ತಿಲ್ಲ. ಗೆರೆ ಅಲ್ಲಿ ತುಂಡಾಗಿರಬೇಕು. ಆದರೆ ಎಚ್ಚರ ತಪ್ಪಿ ರಚಿಸಿದ ಟ್ರೆಂಡ್ ಎರಡು ತುದಿಗಳನ್ನು ನೇರಗೆರೆಯಿಂದ ಜೋಡಿಸುತ್ತದೆ. ನಡುವೆ ಟ್ಯಾಂಕು ತುಂಬಿ ಚರಂಡಿಗೆ ಹರಿದಿದ್ದರೂ ಮರುದಿನ ಬಂದ ಅಧಿಕಾರಿಗೆ ಕಾಣುವುದು ಶಾಂತವಾದ ಇಳಿಜಾರು. ತಿಳಿಯದ್ದನ್ನು ತಿಳಿದಂತೆ ತೋರಿಸುವುದು ವಿಜ್ಞಾನದಲ್ಲಿ ಅಕ್ಷಮ್ಯವೆಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುತ್ತೇವೆ. ಪರದೆಗೆ ಬಂದಾಗ ಮರೆಯುತ್ತೇವೆ. ಪ್ರತಿ ಅಳತೆಯ ಜೊತೆಗೆ ‘ಇದು ನಂಬಲರ್ಹವೇ’ ಎಂಬ ಗುಣಮಟ್ಟದ ಗುರುತನ್ನೂ ಕಳಿಸುವ ವ್ಯವಸ್ಥೆ ಇಂದಿನ ತಂತ್ರಾಂಶಗಳಲ್ಲಿದೆ. ಅದನ್ನು ಬಳಸುವುದಷ್ಟೇ ಬಾಕಿ. ಹಳೆಯ ಕಾಲದ ದುಂಡು ಹಾಳೆಯ ಮುದ್ರಕಗಳಲ್ಲಿ ಶಾಯಿ ಒಣಗಿದರೆ ಗೆರೆಯೂ ನಿಲ್ಲುತ್ತಿತ್ತು. ಆ ಹಾಳೆಗಳನ್ನು ಗೆದ್ದಲು ತಿನ್ನುತ್ತಿತ್ತು ಎನ್ನುವುದೂ ನಿಜ, ಆದರೆ ಅವು ಸುಳ್ಳು ಹೇಳುತ್ತಿರಲಿಲ್ಲ.

ಇದೆಲ್ಲ ಅತಿಸೂಕ್ಷ್ಮದ ಚರ್ಚೆ ಎನ್ನಿಸಿದರೆ 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ನಡೆದುದನ್ನು ಗಮನಿಸಿ. ದುರಸ್ತಿಯ ನಂತರ ಒಂದು ಘಟಕವನ್ನು ಮತ್ತೆ ಚಾಲೂ ಮಾಡುತ್ತಿದ್ದರು. 170 ಅಡಿ ಎತ್ತರದ ಬಟ್ಟಿ ಇಳಿಸುವ ಗೋಪುರಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ದ್ರವ ಹರಿದುಬಂತು, ಹೊರಗೆ ಹೋಗಲಿಲ್ಲ. ಮಟ್ಟದ ಸಂವೇದಕ ಅಳೆಯಬಲ್ಲದ್ದು ಗೋಪುರದ ಬುಡದ ಒಂಬತ್ತು ಅಡಿಯವರೆಗೆ ಮಾತ್ರ. ಅದರಾಚೆ ದ್ರವ ಏರಿದಾಗ ಅದಕ್ಕೆ ತಿಳಿಯುವಂತಿರಲಿಲ್ಲ. ದ್ರವ ಕಾದು ಸಾಂದ್ರತೆ ಕಡಿಮೆಯಾದಂತೆ ಅದರ ಓದಿಕೆ ನಿಧಾನವಾಗಿ ಇಳಿಯತೊಡಗಿತು. ಗೋಪುರದಲ್ಲಿ ದ್ರವ 158 ಅಡಿಗೆ ಮುಟ್ಟಿದ್ದಾಗ ಪರದೆ ತೋರಿಸುತ್ತಿದ್ದುದು 7.9 ಅಡಿ, ಅದೂ ಇಳಿಮುಖವಾಗಿ! ಮಟ್ಟ ಹೆಚ್ಚಾದಾಗ ಎಚ್ಚರಿಸಬೇಕಿದ್ದ ಇನ್ನೊಂದು ಸಾಧನ ಕೆಟ್ಟಿತ್ತು. ದ್ರವ ಉಕ್ಕಿ, ವಾತಾವರಣಕ್ಕೆ ತೆರೆದಿದ್ದ ಕೊಳವೆಯಿಂದ ಕಾರಂಜಿಯಂತೆ ಚಿಮ್ಮಿ ಹೊತ್ತಿಕೊಂಡಿತು. 15 ಜನ ಸತ್ತರು, 180 ಮಂದಿ ಗಾಯಗೊಂಡರು.

ಅಲ್ಲಿನ ರಾಸಾಯನಿಕ ಸುರಕ್ಷಾ ಮಂಡಳಿಯ 2007ರ ವರದಿ ಕಾರಣಗಳ ದೊಡ್ಡ ಸರಪಣಿಯನ್ನೇ ಬಿಡಿಸಿಟ್ಟಿದೆ: ನಿರ್ವಹಣೆಗೆ ಹಣ ಉಳಿಸಿದ್ದು, ದಣಿದ ನೌಕರರು, ಹಳೆಯ ವಿನ್ಯಾಸ. ಆ ಸರಪಣಿಯಲ್ಲಿ ಪರದೆಯೂ ಒಂದು ಕೊಂಡಿ. ಗೋಪುರಕ್ಕೆ ಎಷ್ಟು ಹರಿದುಬರುತ್ತಿದೆ ಎಂಬುದು ಒಂದು ಪರದೆಯಲ್ಲಿ, ಎಷ್ಟು ಹೊರಹೋಗುತ್ತಿದೆ ಎಂಬುದು ಇನ್ನೊಂದು ಪರದೆಯಲ್ಲಿ ಇತ್ತು. ಒಂದು ನಲ್ಲಿ ತೊಟ್ಟಿಯನ್ನು ತುಂಬುತ್ತದೆ, ಇನ್ನೊಂದು ಬರಿದು ಮಾಡುತ್ತದೆ ಎಂದು ಮಾಧ್ಯಮಿಕ ಶಾಲೆಯಲ್ಲಿ ಮಾಡಿಸುವ ಲೆಕ್ಕ ನಿಮಗೆ ನೆನಪಿರಬೇಕು. ಒಳಹರಿವು, ಹೊರಹರಿವು ಎರಡನ್ನೂ ಒಂದೇ ಟ್ರೆಂಡಿನಲ್ಲಿ ಒಂದೇ ಅಕ್ಷದ ಮೇಲೆ ಇಟ್ಟು, ಮಟ್ಟವನ್ನು ಅದರ ಕೆಳಗೇ ತೋರಿಸಿದ್ದರೆ ಆ ಶಾಲೆಯ ಲೆಕ್ಕ ತಾನಾಗಿ ಕಣ್ಣಿಗೆ ಕಟ್ಟುತ್ತಿತ್ತು: ಬರುವುದು ನಿಂತಿಲ್ಲ, ಹೋಗುವುದು ಸೊನ್ನೆ, ಆದರೂ ಮಟ್ಟ ಇಳಿಯುತ್ತಿದೆ. ಇದು ಸಾಧ್ಯವಿಲ್ಲ, ಯಾವುದೋ ಒಂದು ಸುಳ್ಳು. ಅನಾಹುತ ತಪ್ಪುತ್ತಿತ್ತೆಂದು ಖಚಿತವಾಗಿ ಹೇಳಲಾಗದು; ಅನುಮಾನವಾದರೂ ಹುಟ್ಟುತ್ತಿತ್ತು. ಟ್ರೆಂಡ್ ರಚಿಸುವಾಗ ಯಾವ ಯಾವ ಗೆರೆಗಳನ್ನು ಒಟ್ಟಿಗೆ ಇಡಬೇಕು ಎಂಬ ಪ್ರಶ್ನೆಗೆ ಉತ್ತರ ತಂತ್ರಾಂಶದ ಕೈಪಿಡಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಭೌತವಿಜ್ಞಾನದಲ್ಲಿ.

ಚಿತ್ರಗಳ ಮಾತಿಗೆ ಬರೋಣ. ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಹೆಚ್ಚು ಅಂಕ ಗಿಟ್ಟಿಸುವ ಪರದೆ ಹೇಗಿರುತ್ತದೆಂದು ನೀವು ನೋಡಿರಬಹುದು. ಹಿನ್ನೆಲೆಗೆ ಕಾರ್ಖಾನೆಯ ಛಾಯಾಚಿತ್ರ, ಮೂರು ಆಯಾಮದ ಹೊಳೆಯುವ ಟ್ಯಾಂಕು, ಗರಗರ ತಿರುಗುವ ಪಂಪು, ಕೊಳವೆಯೊಳಗೆ ಓಡುವ ನೀಲಿ ಬಾಣ. ಹೊಸಬರಿಗೆ ವ್ಯವಸ್ಥೆಯನ್ನು ಪರಿಚಯಿಸಲು, ಅತಿಥಿಗಳಿಗೆ ತೋರಿಸಲು ಇದು ಚೆನ್ನ, ಅದನ್ನು ಹಳಿಯುವುದಿಲ್ಲ. ಎಂಟು ಗಂಟೆ ಅದರ ಮುಂದೆ ಕೂರುವವನ ಸ್ಥಿತಿ ಬೇರೆ. ಎಲ್ಲವೂ ಹೊಳೆಯುವಾಗ ಯಾವುದು ಕೆಟ್ಟಿದೆ ಎಂದು ಹುಡುಕುವುದು ದೀಪಾಲಂಕಾರದ ಅರಮನೆಯಲ್ಲಿ ಆರಿದ ಒಂದು ಬಲ್ಬನ್ನು ಹುಡುಕಿದಂತೆ. ಅಂತರರಾಷ್ಟ್ರೀಯ ಆಟೊಮೇಷನ್ ಸೊಸೈಟಿ ಪರದೆಗಳ ವಿನ್ಯಾಸಕ್ಕೆಂದೇ 2015ರಲ್ಲಿ 101 ಎಂಬ ಸಂಖ್ಯೆಯ ಮಾನದಂಡವನ್ನು ಹೊರತಂದಿತು. ಈ ಕ್ಷೇತ್ರದಲ್ಲಿ ಪಳಗಿದವರು ಇಂದು ಮಾಸಲು ಬೂದು ಹಿನ್ನೆಲೆ, ಸರಳ ರೇಖಾಚಿತ್ರ ಇಟ್ಟು, ಗಾಢ ಬಣ್ಣವನ್ನು ಅಪಾಯಕ್ಕೆಂದೇ ಮೀಸಲಿಡುತ್ತಾರೆ. ಅಂಥ ಪರದೆ ನೋಡಲು ಸಪ್ಪೆ. ನಮ್ಮ ಪರೀಕ್ಷಕರು ಅದಕ್ಕೆ ಎಷ್ಟು ಅಂಕ ಕೊಟ್ಟಾರು?

ಬಣ್ಣದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಿದ್ಯುತ್ ಫಲಕಗಳಲ್ಲಿ ಬ್ರೇಕರ್ ಆನ್ ಆಗಿದ್ದರೆ ಕೆಂಪು ದೀಪ, ಆಫ್ ಆಗಿದ್ದರೆ ಹಸಿರು ದೀಪ ಉರಿಯುವುದು ರೂಢಿ. ಹಲವು ಚಿತ್ರಕೋಶಗಳಲ್ಲಿ ಓಡುವ ಪಂಪು ಹಸಿರು, ನಿಂತದ್ದು ಕೆಂಪು. ಒಂದೇ ಪಂಪ್‌ಹೌಸಿನಲ್ಲಿ ಗೋಡೆಯ ಫಲಕ ಒಂದು ಭಾಷೆ ಆಡಿದರೆ ಮೇಜಿನ ಪರದೆ ಅದರ ವಿರುದ್ಧ ಭಾಷೆ ಆಡುತ್ತದೆ. ಕೆಂಪು-ಹಸಿರುಗಳ ವ್ಯತ್ಯಾಸವೇ ತಿಳಿಯದ ವರ್ಣಾಂಧತೆ ಇರುವವರ ಪಾಡು ಹೇಳುವುದೇ ಬೇಡ. ಬಣ್ಣದ ಜೊತೆಗೆ ‘ಓಡುತ್ತಿದೆ’, ‘ನಿಂತಿದೆ’ ಎಂದು ಬರೆದರೆ ಆಯಿತು. ಅದನ್ನು ಕನ್ನಡದಲ್ಲೇ ಬರೆಯಬಾರದೇಕೆ? ಯುನಿಕೋಡ್ ಬಂದ ಮೇಲೆ ಅಕ್ಷರವಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ.

ಬಣ್ಣ ಯಾವುದೇ ಇರಲಿ, ಅದು ಯಾವ ಸಂಕೇತಕ್ಕೆ ಬದಲಾಗುತ್ತದೆ? ಗುಂಡಿ ಒತ್ತಿದ ಕೂಡಲೇ ಪಂಪಿನ ಚಿತ್ರ ಹಸಿರಾಗುವಂತೆ ಮಾಡುವುದು ಸುಲಭ, ಏಕೆಂದರೆ ಆಜ್ಞೆಯ ಟ್ಯಾಗ್ ಕೈಯಲ್ಲೇ ಇರುತ್ತದೆ. ಆದರೆ ಆಜ್ಞೆ ಹೋದದ್ದು ಬೇರೆ, ಮೋಟಾರು ತಿರುಗಿದ್ದು ಬೇರೆ, ನೀರು ಹರಿದದ್ದು ಇನ್ನೂ ಬೇರೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ಕವಾಟ ತೆರೆದೇ ಸಿಕ್ಕಿಕೊಂಡಿತ್ತು. ಫಲಕದ ದೀಪ ಮಾತ್ರ ಆರಿತ್ತು. ಆ ದೀಪಕ್ಕೆ ಗೊತ್ತಿದ್ದುದು ಕವಾಟಕ್ಕೆ ಮುಚ್ಚುವ ಆಜ್ಞೆ ಹೋಗಿದೆ ಎಂಬುದಷ್ಟೇ. ನಿರ್ವಾಹಕರು ಕವಾಟವೇ ಮುಚ್ಚಿದೆ ಎಂದು ತಿಳಿದರು, ಎರಡು ಗಂಟೆಗೂ ಹೆಚ್ಚು ಕಾಲ ಶೈತ್ಯಕ ಸೋರಿಹೋಯಿತು, ಸ್ಥಾವರದ ತಿರುಳು ಭಾಗಶಃ ಕರಗಿತು. ನಾಲ್ಕು ದಶಕ ಕಳೆದರೂ ಅದೇ ದೀಪವನ್ನು ನಮ್ಮ ವಿದ್ಯಾರ್ಥಿಗಳು ಹೊಸ ತಂತ್ರಾಂಶದಲ್ಲಿ ಮತ್ತೆ ಮತ್ತೆ ರಚಿಸುತ್ತಿದ್ದಾರೆ.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಪರೀಕ್ಷಿಸಲು ದುಬಾರಿ ತಂತ್ರಾಂಶ ಬೇಕಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೃಷ್ಣರಾಜಸಾಗರದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಪತ್ರಿಕೆಯಿಂದ ಬರೆದಿಟ್ಟುಕೊಳ್ಳಲು ಹೇಳಿ. ಒಂದು ಗುಂಪು ಸೊನ್ನೆಯಿಂದ ಆರಂಭವಾಗುವ ಅಕ್ಷದಲ್ಲಿ, ಇನ್ನೊಂದು ಗುಂಪು 100ರಿಂದ 125 ಅಡಿಯ ಅಕ್ಷದಲ್ಲಿ, ಮತ್ತೊಂದು ವಾರಕ್ಕೊಂದೇ ಅಳತೆ ತೆಗೆದುಕೊಂಡು ಗೆರೆ ಎಳೆಯಲಿ. ಪತ್ರಿಕೆ ಬಾರದ ದಿನದ ಜಾಗವನ್ನು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಮೊದಲೇ ಹೇಳಬೇಡಿ. ಕೊನೆಗೆ ಒಳಹರಿವಿನಿಂದ ಹೊರಹರಿವನ್ನು ಕಳೆದು, ದಿನದಿನದ ಮೊತ್ತ ಕೂಡಿಸುತ್ತ ಹೋಗಿ, ಅದು ಸಂಗ್ರಹದ ಏರಿಕೆಗೆ ಹೊಂದುತ್ತದೆಯೇ ನೋಡಲಿ. ಒಂದು ಕ್ಯುಸೆಕ್ ಹರಿವು ದಿನಪೂರ್ತಿ ನಿಂತರೆ 86,400 ಘನ ಅಡಿ. ಹೆಚ್ಚುಕಡಿಮೆ 11,574 ಕ್ಯುಸೆಕ್ಕಿಗೆ ದಿನಕ್ಕೊಂದು ಟಿಎಂಸಿ. ಲೆಕ್ಕ ಪೂರ್ತಿ ಹೊಂದುವುದಿಲ್ಲ. ಎಷ್ಟು ತಪ್ಪಿತು, ಆವಿಯಾದದ್ದೆಷ್ಟು, ಅಳತೆಯ ದೋಷವೆಷ್ಟು ಎಂದು ಅವರು ಜಗಳವಾಡಲಿ.